ಆ ಒಂದು ಸೆಮಿಕೋಲನ್ ಬಿಟ್ಟು ನೋಡೋಣ

ಲ್ಯಾಬ್ ಎಕ್ಸಾಮ್‌ನ ಹಿಂದಿನ ರಾತ್ರಿ. ಸದಾಶಿವನಗರದ ನಮ್ಮ ರೂಮಲ್ಲಿ ಮೂರು ಜನ, ಒಂದೇ ಲ್ಯಾಪ್‌ಟಾಪ್, ಡಾಸ್‌ಬಾಕ್ಸ್ ಒಳಗೆ ಹಳೇ ಮಾಸ್ಮ್ 5. ಮಧ್ಯಾಹ್ನ ಚೆನ್ನಾಗೇ ಓಡಿದ್ದ 8086 ಪ್ರೋಗ್ರಾಂ ಅದು. ಔಟ್‌ಪುಟ್ ಸ್ವಲ್ಪ ಚೆನ್ನಾಗಿ ಕಾಣಲಿ ಅಂತ ಮಧ್ಯದಲ್ಲಿ ಒಂದು ಮೆಸೇಜ್ ತೋರಿಸೋ ಮೂರು ಸಾಲು ಸೇರಿಸಿದೆವು. ಎರರ್ ಬಂತು, ಆದರೆ ಆ ಮೂರು ಸಾಲಿನಲ್ಲಲ್ಲ. ನಾವು ಮುಟ್ಟದೇ ಇದ್ದ ಮೇಲಿನ ಒಂದು ಜೆಝಡ್ ಸಾಲಿನಲ್ಲಿ. ಜಂಪ್ 1 ಬೈಟ್‌ನಷ್ಟು ದೂರ ಮೀರಿದೆ ಅಂತ.

ಒಂದು ಬೈಟ್! ಸೀನಿಯರ್ ರೆಕಾರ್ಡ್ ತೆಗೆದು ನೋಡಿದರೆ ಅಲ್ಲೂ ಇಂಥದ್ದೇ ಜಾಗದಲ್ಲಿ ಜೆಝಡ್ ಬದಲು ಜೆಎನ್‌ಝಡ್, ಅದರ ಕೆಳಗೆ ಒಂದು ಜಂಪ್ ಇತ್ತು. ಹಾಗೇ ಇಳಿಸಿಕೊಂಡೆವು, ಓಡಿತು. ಮಾರನೇ ದಿನ ವೈವಾದಲ್ಲಿ ಎಕ್ಸಾಮಿನರ್ ಸರಿಯಾಗಿ ಅಲ್ಲೇ ಬೆರಳಿಟ್ಟರು: "ಯಾಕಪ್ಪಾ, ಇಲ್ಲಿ ಕಂಡೀಷನ್ ಉಲ್ಟಾ ಮಾಡಿ ಜಂಪ್ ಹಾಕಿದೀಯ?" ನಮ್ಮಲ್ಲೊಬ್ಬ ಹೇಳಿದ್ದು ಇಷ್ಟೇ: "ಸರ್, ಎರರ್ ಬರ್ತಿತ್ತು ಸರ್." ಮಾರ್ಕ್ಸ್ ಹೋಯಿತು. ಹೋಗಬೇಕಾದದ್ದೇ. ಅಸೆಂಬ್ಲಿ ಲ್ಯಾಬ್ ಪೂರ್ತಿ ಮುಗಿಸಿದ ನಾವು ಅಸೆಂಬ್ಲರ್ ಏನು ಮಾಡುತ್ತೆ ಅಂತ ಒಂದು ದಿನವೂ ನೋಡಿರಲಿಲ್ಲ.

ಆ ಎರರ್‌ನ ಕಥೆ ಕಷ್ಟದ್ದಲ್ಲ. ನಮ್ಮ ಬೀದಿಯಲ್ಲೇ ನಿಂತು ಯಾರಾದರೂ ಮನೆ ಕೇಳಿದರೆ "ಇಲ್ಲಿಂದ ನಾಲ್ಕು ಮನೆ ಆಚೆ" ಅಂತೀವಿ. ಬೆಂಗಳೂರಿನಿಂದ ಪಾರ್ಸೆಲ್ ಬರಬೇಕಾದರೆ ಮನೆ ನಂಬರಿನಿಂದ ಪಿನ್‌ಕೋಡ್‌ವರೆಗೆ ಬರೆಯಬೇಕು. ಜಂಪ್ ಕೂಡ ಹಾಗೇ. 8086ರಲ್ಲಿ ಹತ್ತಿರದ ಜಂಪ್‌ಗೆ 2 ಬೈಟ್ ಸಾಕು: ಒಂದು ಬೈಟ್ ಆಪ್‌ಕೋಡ್, ಇನ್ನೊಂದು "ಇಷ್ಟು ಆಚೆ, ಇಷ್ಟು ಈಚೆ" ಅನ್ನೋ ಲೆಕ್ಕ. ಮುಂದಿನ ಇನ್‌ಸ್ಟ್ರಕ್ಷನ್‌ನಿಂದ ಹಿಂದಕ್ಕೆ 128, ಮುಂದಕ್ಕೆ 127 ಬೈಟ್, ಅಷ್ಟೇ ಅದರ ಕೈಗೆಟಕುವ ದೂರ. ಅದಕ್ಕಿಂತ ದೂರ ಅಂದರೆ 3 ಬೈಟ್‌ನ ಜಂಪ್ ಬೇಕು. ಆದರೆ ಷರತ್ತಿನ ಜಂಪ್‌ಗಳಿಗೆ, ಅಂದರೆ ಜೆಝಡ್, ಜೆಸಿ ಇಂಥವಕ್ಕೆ, 8086ರಲ್ಲಿ 2 ಬೈಟ್ ರೂಪ ಒಂದೇ. ಉದ್ದದ ರೂಪ ಬಂದದ್ದು 1985ರ 386ರಲ್ಲಿ. ಅದಕ್ಕೇ ಸೀನಿಯರ್ ಟ್ರಿಕ್: ಷರತ್ತು ಉಲ್ಟಾ ಮಾಡಿ 2 ಬೈಟ್, ಅದರ ಕೆಳಗೆ 3 ಬೈಟ್‌ನ ಜಂಪ್, ಒಟ್ಟು 5.

ಆಮೇಲೆ ತಿಳಿದ ವಿಷಯ ಇನ್ನೂ ಹೊಟ್ಟೆ ಉರಿಸಿತು. ಮೆಸೇಜಿನ ವಿಳಾಸವನ್ನು ಡಿಎಕ್ಸ್‌ಗೆ ತರಲು ನಾವು ಲೀ ಬಳಸಿದ್ದೆವು, ಅದು 4 ಬೈಟ್. ಅದರ ಬದಲು ಮೂವ್ ಡಿಎಕ್ಸ್, ಆಫ್‌ಸೆಟ್ ಅಂತ ಬರೆದಿದ್ದರೆ 3 ಬೈಟ್. ಕೆಲಸ ಅದೇ. ನಮಗೆ ಬೇಕಾಗಿದ್ದ ಆ ಒಂದು ಬೈಟ್ ಅಲ್ಲೇ ಇತ್ತು! ಮುಂದೆ ಇನ್ನೊಂದು ಸಾಲು ಸೇರಿಸಿದ್ದರೆ ಮತ್ತೆ ಕೈಕೊಡುತ್ತಿತ್ತು, ನಿಜ. ಆದರೆ ವೈವಾದಲ್ಲಿ ಹೇಳೋಕೆ ಒಂದು ಉತ್ತರವಾದರೂ ಇರುತ್ತಿತ್ತು.

ಇಂಥ ಆಯ್ಕೆಗಳನ್ನು ಅಸೆಂಬ್ಲರ್ ತಾನಾಗೇ ಎಷ್ಟೋ ಮಾಡುತ್ತೆ. ಆಡ್ ಬಿಎಕ್ಸ್, 5 ಅಂತ ಬರೆಯಿರಿ. 81ರಿಂದ ಶುರುವಾಗುವ ರೂಪಕ್ಕೆ 4 ಬೈಟ್. 83ರಿಂದ ಶುರುವಾಗುವ ರೂಪದಲ್ಲಿ 5 ಅನ್ನೋ ಸಂಖ್ಯೆ ಒಂದೇ ಬೈಟ್‌ನಲ್ಲಿ ಕೂರುತ್ತೆ, ಒಟ್ಟು 3. ಎರಡೂ ಸರಿ, ಪ್ರೊಸೆಸರ್ ಎರಡನ್ನೂ ಒಪ್ಪುತ್ತೆ. ಅಸೆಂಬ್ಲರ್ ಚಿಕ್ಕದನ್ನು ಆರಿಸುತ್ತೆ. ಯೂನಿಕೋಡ್‌ನ ಯುಟಿಎಫ್-8ರಲ್ಲಿ ಈ ಆಯ್ಕೆಯೇ ಇಲ್ಲ. "ತುಮಕೂರು" ಅಂತ ಟೈಪ್ ಮಾಡಿದರೆ 7 ಸಂಕೇತ, ತಲಾ 3 ಬೈಟ್, ಒಟ್ಟು 21. ಒಂದು ಸಂಕೇತವನ್ನು ಬೇಕಂತಲೇ ಉದ್ದ ಮಾಡಿ ಬರೆದರೆ ಅದು ತಪ್ಪು. ಮಷೀನ್ ಕೋಡ್‌ನಲ್ಲಿ ಉದ್ದವೂ ತಪ್ಪಲ್ಲ. ಅದಕ್ಕೇ ಯಾರಾದರೂ ಆರಿಸಬೇಕು.

ಹಾಗಂತ ಚಿಕ್ಕದು ಕಂಡಲ್ಲೆಲ್ಲ ಆರಿಸುವಂತಿಲ್ಲ. ಆಡ್ ಎಸ್ಐ, 1 ಅಂದರೆ 3 ಬೈಟ್, ಇಂಕ್ ಎಸ್ಐ ಅಂದರೆ 1 ಬೈಟ್. ಅಸೆಂಬ್ಲರ್ ಒಂದನ್ನು ಇನ್ನೊಂದಕ್ಕೆ ಬದಲಾಯಿಸುವುದಿಲ್ಲ. ಯಾಕೆಂದರೆ ಆಡ್ ಕ್ಯಾರಿ ಫ್ಲ್ಯಾಗನ್ನು ಬದಲಾಯಿಸುತ್ತೆ, ಇಂಕ್ ಮುಟ್ಟುವುದಿಲ್ಲ. ದೊಡ್ಡ ಸಂಖ್ಯೆಗಳನ್ನು ಬೈಟ್ ಬೈಟಾಗಿ ಎಡಿಸಿ ಬಳಸಿ ಕೂಡುವ ಪ್ರೋಗ್ರಾಂ ನೆನಪಿದೆಯಲ್ಲ? ಲೂಪ್ ಒಳಗೆ ಇಂಕ್ ಇರೋ ಜಾಗದಲ್ಲಿ ಆಡ್ ಹಾಕಿ ನೋಡಿ, ದಶಕ ಹೋಗುತ್ತೆ, ಉತ್ತರ ತಪ್ಪಾಗುತ್ತೆ. ಅರ್ಥ ಒಂದಿಷ್ಟೂ ಕೆಡದ ಕಡೆ ಮಾತ್ರ ಅಸೆಂಬ್ಲರ್ ಕೈ ಹಾಕುತ್ತೆ. ಉಳಿದದ್ದು ಬರೆಯುವವರ ಜವಾಬ್ದಾರಿ, ಅಂದರೆ ನಮ್ಮದು.

ಜಂಪ್ ವಿಷಯದಲ್ಲಿ ಇನ್ನೊಂದು ಸಿಕ್ಕಿದೆ. ಮುಂದೆ ಬರುವ ಲೇಬಲ್ ಎಲ್ಲಿದೆ ಅಂತ ಮೊದಲ ಸುತ್ತಿನಲ್ಲಿ ಗೊತ್ತಿರುವುದಿಲ್ಲ. ಮಾಸ್ಮ್ 5 ಆಗ ಜಂಪ್‌ಗೆ 3 ಬೈಟ್ ಜಾಗ ಬಿಟ್ಟಿರುತ್ತೆ. ಲೇಬಲ್ ಹತ್ತಿರವೇ ಇದ್ದರೆ 2 ಬೈಟ್‌ನ ಜಂಪ್ ಹಾಕಿ, ಉಳಿದ ಜಾಗಕ್ಕೆ 90 ತುಂಬುತ್ತೆ. 90 ಅಂದರೆ ನೋಪ್, ಸುಮ್ಮನೆ ಕೂರುವುದು. ಮುಂದಿನ ಅಸೆಂಬ್ಲರ್‌ಗಳು ಹಲವು ಸುತ್ತು ಹೋಗಿ ಇದನ್ನು ಸರಿ ಮಾಡುತ್ತವೆ. ಎಲ್ಲ ಜಂಪ್‌ಗಳನ್ನೂ ಉದ್ದ ಅಂದುಕೊಂಡು ಶುರುಮಾಡಿ ಕುಗ್ಗಿಸುತ್ತಾ ಹೋದರೆ ಒಂದು ತೊಂದರೆ ಇದೆ. ಒಂದರ ಮೇಲೊಂದು ಹಾರುವ ಎರಡು ಜಂಪ್‌ಗಳು, ಬಸ್ಸಿನ ಸೀಟಿನಲ್ಲಿ ಅಗಲಿಸಿ ಕೂತ ಇಬ್ಬರ ಥರ, "ನೀವು ಸರೀರಿ, ಆಮೇಲೆ ನಾನು ಸರೀತೀನಿ" ಅಂತ ಹಾಗೇ ಉಳಿದುಬಿಡಬಹುದು. ಎಲ್ಲವೂ ಚಿಕ್ಕದು ಅಂತ ಶುರುಮಾಡಿ, ಎಟಕದವನ್ನು ಮಾತ್ರ ಉದ್ದ ಮಾಡಿದರೆ ಈ ಜಗಳವೇ ಇಲ್ಲ. ಥಾಮಸ್ ಶಿಮಾನ್ಸ್ಕಿ 1978ರಲ್ಲೇ ಇದರ ಮೇಲೆ ಪ್ರಬಂಧ ಬರೆದಿದ್ದಾರೆ. ವಿಳಾಸಗಳ ಲೆಕ್ಕಾಚಾರ ಏನು ಬೇಕಾದರೂ ಇರಬಹುದು ಅಂತ ಬಿಟ್ಟರೆ ಇದು ಎನ್‌ಪಿ-ಕಂಪ್ಲೀಟ್ ಸಮಸ್ಯೆ ಅಂತಲೂ ತೋರಿಸಿದ್ದಾರೆ. ಥಿಯರಿ ಕ್ಲಾಸಿನಲ್ಲಿ ನಿದ್ದೆ ತರಿಸೋ ಆ ಹೆಸರು, ನಮ್ಮ ಲ್ಯಾಬ್ ಮಷೀನ್‌ನಲ್ಲೇ ಕೂತಿದೆ!

"ಈಗ ಮೆಮೊರಿ ಅಗ್ಗ ಕಣ್ರೋ, ಒಂದು ಬೈಟ್‌ಗೆ ಯಾಕೆ ಒದ್ದಾಟ" ಅನ್ನೋರು ಇದ್ದಾರೆ. ಲ್ಯಾಪ್‌ಟಾಪ್‌ಗೆ ಆ ಮಾತು ಸರಿ. ಆದರೆ ಮೂಲ 8051ರ ಒಳಗಿನ ರಾಮ್‌... ಅಲ್ಲ, ಕೋಡ್ ಇಡುವ ರೋಮ್, 4 ಕೆಬಿ ಅಷ್ಟೇ. ಅದರಲ್ಲೂ ಎಸ್‌ಜಂಪ್, ಎಜಂಪ್ 2 ಬೈಟ್, ಎಲ್‌ಜಂಪ್ 3 ಬೈಟ್. ಐಐಟಿ ಮದ್ರಾಸ್‌ನ ಶಕ್ತಿ, ತಿರುವನಂತಪುರದ ಸಿ-ಡ್ಯಾಕ್‌ನ ವೇಗ, ಎರಡೂ ರಿಸ್ಕ್-ಫೈವ್ ಪ್ರೊಸೆಸರ್‌ಗಳು. ರಿಸ್ಕ್-ಫೈವ್‌ನ ಕಂಪ್ರೆಸ್ಡ್ ವಿಸ್ತರಣೆಯಲ್ಲಿ 32 ಬಿಟ್ ಇನ್‌ಸ್ಟ್ರಕ್ಷನ್‌ಗಳ ಜಾಗಕ್ಕೆ 16 ಬಿಟ್‌ನವು ಬರುತ್ತವೆ. ಸಾಮಾನ್ಯವಾಗಿ ಕೋಡ್ 25ರಿಂದ 30 ಶೇಕಡಾ ಇಳಿಯುತ್ತೆ ಅಂತ ಅದರ ಮ್ಯಾನ್ಯುಯಲ್ಲೇ ಹೇಳುತ್ತೆ. ಅಲ್ಲಿ ಯಾವುದು 16, ಯಾವುದು 32 ಅಂತ ಆರಿಸೋದೂ ಅಸೆಂಬ್ಲರೇ.

"ಸಿಲಬಸ್ ಮುಗಿಸೋಕೇ ಟೈಮಿಲ್ಲ" ಅನ್ನೋದು ಇನ್ನೊಂದು ಮಾತು. ನಾವು ಕೇಳುತ್ತಿರುವುದು ಹೊಸ ಯೂನಿಟ್ ಅಲ್ಲ. ಮಾಸ್ಮ್ ಎಂದು ಟೈಪ್ ಮಾಡಿ ಫೈಲ್ ಹೆಸರಿನ ಕೊನೆಗೆ ಸೆಮಿಕೋಲನ್ ಹಾಕೋದು ನಮಗೆಲ್ಲ ಅಭ್ಯಾಸ. ಹಾಕದಿದ್ದರೆ ಅದು ಲಿಸ್ಟಿಂಗ್ ಫೈಲಿನ ಹೆಸರು ಕೇಳುತ್ತೆ. ಆ ಪ್ರಶ್ನೆ ತಪ್ಪಿಸಿಕೊಳ್ಳೋಕೇ ನಾವು ಸೆಮಿಕೋಲನ್ ಹಾಕೋದು! ಲಿಸ್ಟಿಂಗ್‌ನಲ್ಲಿ ಪ್ರತಿ ಸಾಲಿನ ಪಕ್ಕ ಅದರ ವಿಳಾಸ, ಅದರ ಬೈಟ್‌ಗಳು ಇರುತ್ತವೆ. ರೆಕಾರ್ಡ್‌ನಲ್ಲಿ ಔಟ್‌ಪುಟ್ ಜೊತೆ ಲಿಸ್ಟಿಂಗ್‌ನ ಒಂದು ಪುಟವೂ ಇರಲಿ, ವೈವಾದಲ್ಲಿ "ಈ ಸಾಲು ಯಾಕೆ ಇಷ್ಟೇ ಬೈಟ್?" ಅನ್ನೋ ಒಂದು ಪ್ರಶ್ನೆ ಇರಲಿ. ಮೇಷ್ಟ್ರುಗಳಿಗೆ ನಮ್ಮ ವಿನಂತಿ ಇಷ್ಟೇ.

ಜೂನಿಯರ್‌ಗಳಿಗೆ ಮಾತ್ರ ವಿನಂತಿ ಅಲ್ಲ, ಆಗ್ರಹ. ರೂಲ್ ಬರೋವರೆಗೆ ಕಾಯಬೇಡಿ. ಮುಂದಿನ ಲ್ಯಾಬ್‌ನಲ್ಲಿ ಆ ಸೆಮಿಕೋಲನ್ ಬಿಡಿ, ಲಿಸ್ಟಿಂಗ್ ತೆರೆಯಿರಿ, ನೀವು ಬರೆಯದೇ ಇದ್ದ ಒಂದು 90 ಎಲ್ಲಾದರೂ ಸುಮ್ಮನೆ ಕೂತಿದೆಯಾ ಹುಡುಕಿ. ಸಿಕ್ಕರೆ ಅದು ಯಾಕೆ ಬಂತು ಅಂತ ಪಕ್ಕದವರಿಗೆ ಹೇಳಿ. ನಮಗೆ ಆ ರಾತ್ರಿ ಹೇಳೋರು ಯಾರೂ ಇರಲಿಲ್ಲ.