ಕಬ್ಬಿಣದ ಮೇಲಿನ ಶಾಸನ

ಬಿಸಿಲೆ ಎಂಬ ಹೆಸರಿನಲ್ಲಿ ಬಿಸಿಲಿದೆ. ಮಳೆಗಾಲದಲ್ಲಿ ಆ ಊರಿಗೆ ಅದು ಹೆಸರಿಗೆ ಮಾತ್ರ. ಆಷಾಢದ ಮೋಡ ಕುಮಾರಪರ್ವತವನ್ನು ಮುಚ್ಚಿ ಘಟ್ಟದ ಮೇಲೆ ಕುಳಿತಿತೆಂದರೆ ಹಾಕಿದ ಬಟ್ಟೆ ಒಣಗದು, ಬೆಂಕಿಕಡ್ಡಿ ಹತ್ತದು, ಮನೆಯೊಳಗಿನ ಕಬ್ಬಿಣವೆಲ್ಲ ಕೆಂಪಾಗತೊಡಗುವುದು. ಅಂತಹ ಒಂದು ಮಳೆಗಾಲದಲ್ಲಿ, ಘಟ್ಟದ ಅಂಚಿನ ತೋಟದ ಮನೆಯೊಂದರ ಅಟ್ಟದಿಂದ ಹಳೆಯ ತಗಡಿನ ಪೆಟ್ಟಿಗೆ ಕೆಳಗಿಳಿಯಿತೆಂದು ಇಟ್ಟುಕೊಳ್ಳಬಹುದು. ಒಳಗೆ ಕಂದಾಯದ ರಸೀದಿಗಳು, ಗೆದ್ದಲು ತಿಂದ ಪಂಚಾಂಗಗಳು, ತಳದಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ರಿವಾಲ್ವರು.

“ಇದು ಬೋಯರ್ ಯುದ್ಧದ್ದು. ತೋಟದ ದೊರೆ ಅಜ್ಜಯ್ಯನಿಗೆ ಕೊಟ್ಟದ್ದು” ಎನ್ನುತ್ತಾರೆ ಮನೆಯ ಹಿರಿಯರು.

“ಅದರ ಮೇಲೆ ಹಾಗೆಂದು ಬರೆದಿದೆಯೇ ದೊಡ್ಡಪ್ಪ?” ಎಂದು ಬೆಂಗಳೂರಿನಲ್ಲಿ ಓದುತ್ತಿರುವ ಹುಡುಗ ಕೇಳುತ್ತಾನೆ.

“ಬರೆಯುವುದೇನು ಬಂತು, ಅಜ್ಜಯ್ಯನೇ ಹೇಳುತ್ತಿದ್ದರಲ್ಲ!”

ಹಿರಿಯರ ಮಾತನ್ನು ಒಮ್ಮೆಗೇ ತಳ್ಳಿಹಾಕುವಂತಿಲ್ಲ. ಮಂಜರಾಬಾದ್ ಸೀಮೆಗೆ ಬಿಳಿಯ ತೋಟಗಾರರು ೧೮೫೦ರ ದಶಕದಿಂದಲೇ ಬರತೊಡಗಿದ್ದರು. ಅವರಲ್ಲಿ ಒಬ್ಬನಾದ ರಾಬರ್ಟ್ ಎಲಿಯಟ್ ಇಲ್ಲಿಯ ಕಾಫಿ, ಕಾಡು, ಬೇಟೆಗಳ ಅನುಭವವನ್ನು ೧೮೭೧ರಲ್ಲಿಯೂ ೧೮೯೪ರಲ್ಲಿಯೂ ಪುಸ್ತಕಗಳಾಗಿ ಪ್ರಕಟಿಸಿದನು. ದೊರೆಗಳ ಸೊಂಟದ ಆಯುಧ ಊರಿನವರ ಕೈಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಆದರೆ ಹುಡುಗನ ಪ್ರಶ್ನೆಯೂ ನ್ಯಾಯವಾದದ್ದೇ. ಅದರ ಮೇಲೆ ಏನು ಬರೆದಿದೆ?

ಇದೇ ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನದಲ್ಲಿ ಶಕವರ್ಷವಿಲ್ಲ. ಆದರೂ ವಿದ್ವಾಂಸರು ಅದರ ಲಿಪಿಯ ತಿರುವು, ಭಾಷೆಯ ರೂಪ, ಅದರಲ್ಲಿ ಬಂದಿರುವ ಅರಸನ ಹೆಸರು ಇವುಗಳನ್ನು ಒಂದಕ್ಕೊಂದು ತಾಳೆ ನೋಡಿ ಸುಮಾರು ಕ್ರಿ.ಶ. ೪೫೦ ಎಂದು ಎಣಿಸಿದರು. ಹಳೆಯ ಆಯುಧದ ಕಾಲನಿರ್ಣಯವೂ ಇದೇ ಜಾತಿಯ ಕೆಲಸ. ಸಕಲೇಶಪುರದ ಬಳಿ ೧೭೯೨ರಲ್ಲಿ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದ ಟಿಪ್ಪುವಿನ ಕೋವಿಗಳಲ್ಲಿ ಹುಲಿಯ ಪಟ್ಟೆಯ ಗುರುತೂ ಅವನೇ ಬಳಕೆಗೆ ತಂದ ಮೌಲೂದಿ ಶಕೆಯ ವರ್ಷವೂ ಇರುತ್ತವೆ; ಓದಬಲ್ಲವನಿಗೆ ಸಂದೇಹವೇ ಇಲ್ಲ. ರಿವಾಲ್ವರುಗಳ ತಯಾರಕರು ಅಷ್ಟು ಉಪಕಾರಿಗಳಲ್ಲ. ಅವರು ವರ್ಷವನ್ನು ಕೊರೆದಿದ್ದರೂ ಎಷ್ಟೋ ವೇಳೆ ಅದು ಆಯುಧ ಹುಟ್ಟಿದ ವರ್ಷವಾಗಿರುವುದಿಲ್ಲ.

ಓದುವುದಕ್ಕೆ ಮೊದಲು ಒಂದು ಮಾತು. ಹಳೆಯದು, ತುಕ್ಕು ಹಿಡಿದದ್ದು ಎಂಬ ಧೈರ್ಯದಿಂದ ಟ್ರಿಗರನ್ನು ಎಳೆದು ನೋಡುವುದು ಹುಡುಗಾಟ. ಅರುವತ್ತು ವರ್ಷ ಪೆಟ್ಟಿಗೆಯಲ್ಲಿ ಮಲಗಿದ ತೋಟಾ ಕೂಡ ಸಿಡಿಯಬಹುದು. ಅದು ಬರಿದಾಗಿದೆಯೇ ಎಂದು ನೋಡುವ ಕೆಲಸ ಬಲ್ಲವರಿಗೆ, ಎಂದರೆ ಲೈಸೆನ್ಸು ಪಡೆದ ಬಂದೂಕಿನ ಅಂಗಡಿಯವರಿಗೋ ಪೊಲೀಸರಿಗೋ ಸೇರಿದ್ದು.

ಅವರು ಮೊದಲು ನೋಡುವುದು ಗುಂಡುಗಳು ಕೂರುವ ತಿರುಗುವ ಉರುಳೆಯನ್ನು. ಉರುಳೆಯ ಹಿಂಬದಿ ಮುಚ್ಚಿದ್ದು, ಒಂದೊಂದು ಕೋಣೆಯ ಹಿಂದೆಯೂ ಕೇಪು ಕೂರಿಸುವ ಪುಟ್ಟ ಮೊಳೆಯಿದ್ದರೆ ಅದು ಮದ್ದು ತುಂಬುವ ಕಾಲದ್ದು. ಕೇಪಿನ ಕೋವಿಯನ್ನು ಕಂಡ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ಅಂತಹ ರಿವಾಲ್ವರಿಗೆ ತನ್ನ ದೇಶದಲ್ಲಿ ಪೇಟೆಂಟು ಪಡೆದದ್ದು ೧೮೩೬ರಲ್ಲಿ. ೧೮೫೧ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅವನಿಗೂ ಇಂಗ್ಲೆಂಡಿನ ರಾಬರ್ಟ್ ಆಡಮ್ಸನಿಗೂ ಪೈಪೋಟಿ ನಡೆಯಿತು. ಕೋಲ್ಟನದರಲ್ಲಿ ಉರುಳೆಯ ಮೇಲೆ ಬರಿಯ ಬಯಲು. ಆಡಮ್ಸನದರಲ್ಲಿ ಉರುಳೆಯನ್ನು ಸುತ್ತುವರಿದ ಗಟ್ಟಿ ಚೌಕಟ್ಟು. ಇಷ್ಟನ್ನು ತಿಳಿದರೆ ಆ ಕಾಲದ ಎರಡು ಮನೆತನಗಳನ್ನು ದೂರದಿಂದಲೇ ಬೇರೆ ಮಾಡಬಹುದು. ಉರುಳೆಯ ಕೋಣೆಗಳು ಈ ತುದಿಯಿಂದ ಆ ತುದಿಗೆ ತೂತಾಗಿದ್ದರೆ ಅದು ತೋಟಾ ಹಾಕುವ ಕಾಲಕ್ಕೆ ಸೇರಿತು. ಒಂದೊಂದು ಕೋಣೆಯ ಅಂಚಿನಲ್ಲಿಯೂ ಸಣ್ಣ ಕಚ್ಚು ಇದ್ದರೆ, ಪಕ್ಕದಲ್ಲಿ ಸೂಜಿಯಂತೆ ಮೊಳೆ ಚಾಚಿದ ಹಳೆಯ ಫ್ರೆಂಚ್ ಮಾದರಿಯ ತೋಟಾಗಳನ್ನು ನುಂಗುತ್ತಿದ್ದ ರಿವಾಲ್ವರು ಅದು.

ಅಮೆರಿಕದ ಸ್ಮಿತ್ ಮತ್ತು ವೆಸನ್ ಕಂಪೆನಿಯ ಆರಂಭದ ರಿವಾಲ್ವರುಗಳ ಉರುಳೆಯ ಮೇಲೆ ‘ಏಪ್ರಿಲ್ ೩, ೧೮೫೫’ ಎಂದು ಕೊರೆದಿರುತ್ತದೆ. ಅದನ್ನು ಕಂಡೊಡನೆ ೧೮೫೫ರ ಆಯುಧವೆಂದು ಹಿಗ್ಗುವವರು ಬಹಳ. ಆ ಕಂಪೆನಿಯ ಮೊದಲ ತೋಟಾ ರಿವಾಲ್ವರು ಮಾರಾಟಕ್ಕೆ ಬಂದದ್ದೇ ೧೮೫೭ರಲ್ಲಿ! ಕೊರೆದಿರುವುದು ರೋಲಿನ್ ವೈಟ್ ಎಂಬವನು ತೂತು ಕೊರೆದ ಉರುಳೆಗೆ ಪಡೆದ ಪೇಟೆಂಟಿನ ತಾರೀಖು. ತಾತನ ಹೆಸರಿಟ್ಟುಕೊಂಡ ಮಾತ್ರಕ್ಕೆ ಮೊಮ್ಮಗನ ವಯಸ್ಸು ಏರುವುದಿಲ್ಲ. ಪೇಟೆಂಟಿನ ತಾರೀಖು ತಿಳಿಸುವುದು ಇಷ್ಟೇ: ಆಯುಧ ಇದಕ್ಕಿಂತ ಹಿಂದಿನದಲ್ಲ.

ಪರೀಕ್ಷೆಯ ಮುದ್ರೆಗಳು ಇದಕ್ಕಿಂತ ಪ್ರಾಮಾಣಿಕವಾದವು. ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಗೆ ಒಡೆಯಲಿಲ್ಲವೆಂದು ಖಚಿತವಾದ ಮೇಲೆ ಒತ್ತುವ ಚಿಕ್ಕ ಮುದ್ರೆಗಳಿವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ ೧೮೧೩ರಲ್ಲಿ ಸ್ಥಾಪಿತವಾಯಿತು. ಕಿರೀಟದ ಕೆಳಗೆ ಅಡ್ಡಲಾಗಿ ಹೆಣೆದ ರಾಜದಂಡಗಳ ಅದರ ಹಳೆಯ ಮುದ್ರೆ ೧೯೦೪ರಲ್ಲಿ ಬದಲಾಗಿ, ಕಿರೀಟದ ಕೆಳಗೆ ‘ಬಿ.ಪಿ.’ ಮತ್ತು ‘ಬಿ.ವಿ.’ ಎಂಬ ಅಕ್ಷರಗಳು ಬಂದವು. ಬೆಲ್ಜಿಯಮಿನ ಲಿಯೇಜ್ ನಗರದ್ದು ಮೊಟ್ಟೆಯಾಕಾರದೊಳಗಿನ ‘ಇ.ಎಲ್.ಜಿ.’, ೧೮೯೩ರಿಂದ ಅದರ ತಲೆಯ ಮೇಲೊಂದು ಕಿರೀಟ. ಈ ಬೆಲ್ಜಿಯಮ್ ಮುದ್ರೆಯನ್ನು ಎಷ್ಟೋ ಕುಟುಂಬಗಳು ನೋಡಲು ಇಷ್ಟಪಡುವುದಿಲ್ಲ. ವೆಬ್ಲಿ ಕಂಪೆನಿ ೧೮೭೨ರಲ್ಲಿ ಹೊರತಂದ ‘ಬ್ರಿಟಿಷ್ ಬುಲ್‌ಡಾಗ್’ ಎಂಬ ಗಿಡ್ಡ ನಳಿಗೆಯ ರಿವಾಲ್ವರನ್ನು ಲಿಯೇಜಿನ ಕುಶಲಕರ್ಮಿಗಳು ರಾಶಿರಾಶಿಯಾಗಿ ನಕಲು ಮಾಡಿದರು, ಹೆಸರನ್ನೂ ಹಾಗೆಯೇ ಕೊರೆದರು. ದೊರೆಯದೆಂದು ಪೂಜೆಯ ಕೋಣೆಯಲ್ಲಿಟ್ಟ ಆಯುಧ ದೊರೆಯ ದೇಶವನ್ನೇ ಕಂಡಿಲ್ಲದಿರಬಹುದು.

ಬಿಸಿಲೆಯ ಪೆಟ್ಟಿಗೆಯಲ್ಲಿದ್ದದ್ದು ಅಂತಹದಲ್ಲವೆಂದು ಎಣಿಸೋಣವಾಗಲಿ. ನಡುವೆ ಮುರಿದು ತೆರೆಯುವ ವೆಬ್ಲಿ ಅದು. ಎಡಬದಿಯಲ್ಲಿ ‘ಮಾರ್ಕ್’ ಎಂಬ ಮಾತೂ ರೋಮನ್ ಅಂಕೆಯ ನಾಲ್ಕೂ ಸ್ಪಷ್ಟವಾಗಿವೆ. ಬ್ರಿಟಿಷ್ ಸೈನ್ಯ ವೆಬ್ಲಿಯ ಮೊದಲನೆಯ ಮಾರ್ಕನ್ನು ಸ್ವೀಕರಿಸಿದ್ದು ೧೮೮೭ರಲ್ಲಿ. ಎರಡನೆಯದು ೧೮೯೪, ಮೂರನೆಯದು ೧೮೯೭, ನಾಲ್ಕನೆಯದು ೧೮೯೯. ಐದನೆಯದು ೧೯೧೩ರಲ್ಲಿಯೂ, ಉದ್ದ ನಳಿಗೆ ಮತ್ತು ಚೌಕ ಹಿಡಿಯ ಆರನೆಯದು ಮೊದಲ ಮಹಾಯುದ್ಧದ ನಡುವೆ ೧೯೧೫ರಲ್ಲಿಯೂ ಬಂದವು. ನಾಲ್ಕು ಎಂದರೆ ೧೮೯೯. ಬೋಯರ್ ಯುದ್ಧ ಆರಂಭವಾದದ್ದೂ ಅದೇ ವರ್ಷ. ದೊಡ್ಡಪ್ಪನವರು ಮೀಸೆ ತಿರುವಬಹುದು.

ಆದರೆ ನಳಿಗೆಯ ಅಳತೆಯನ್ನೂ ಕೇಳಬೇಕಲ್ಲವೆ? ಬೋಯರ್ ಯುದ್ಧದ ನಾಲ್ಕನೆಯ ಮಾರ್ಕು ೦.೪೫೫ ಅಂಗುಲದ ದಪ್ಪ ಗುಂಡಿನದು. ವೆಬ್ಲಿಯವರದೇ ಇನ್ನೊಂದು ‘ಮಾರ್ಕ್ ನಾಲ್ಕು’ ಇದೆ: ೦.೩೮ ಅಂಗುಲದ್ದು, ಹಗುರವಾದದ್ದು, ಮೊದಲ ಮಹಾಯುದ್ಧ ಮುಗಿದ ಮೇಲೆ ರೂಪುಗೊಂಡದ್ದು. ಸೈನ್ಯದ ಸ್ವಂತ ಕಾರ್ಖಾನೆಯಾದ ಎನ್‌ಫೀಲ್ಡ್ ೧೯೩೨ರ ಸುಮಾರಿಗೆ ಇದೇ ಅಳತೆಯ ಸೋದರನನ್ನು ಹೊರತಂದಿತು. ಎರಡನೆಯ ಮಹಾಯುದ್ಧದಲ್ಲಿ ಅದು ಸಾಲದೆ ಬಂದಾಗ ವೆಬ್ಲಿಯದನ್ನೂ ಬಹಳವಾಗಿ ಕೊಂಡರು. ನಯವಾಗಿ ಮೆರುಗು ಕೊಡಲು ಪುರುಸೊತ್ತಿಲ್ಲದೆ ‘ವಾರ್ ಫಿನಿಷ್’ ಎಂದು ಒತ್ತಿ ಕಳುಹಿಸಿದ್ದೂ ಉಂಟು. ಕೆಲಸ ಒರಟಾಯಿತೆಂದು ಆಯುಧದ ಮೈಮೇಲೆಯೇ ಒಪ್ಪಿಕೊಂಡ ಕಾರ್ಖಾನೆಗಳು ವಿರಳವೇ ಇರಬೇಕು. ಪೆಟ್ಟಿಗೆಯ ರಿವಾಲ್ವರಿನಲ್ಲಿ ೦.೩೮ ಎಂಬ ಅಂಕೆಯೂ ಈ ಮಾತೂ ಕಂಡವೆಂದರೆ ಬೋಯರ್ ಯುದ್ಧ ಅಲ್ಲಿಗೆ ಮುಗಿಯಿತು. ಜೊತೆಗೆ, ಸರಕಾರದ ಸ್ವತ್ತೆಂದು ಸೂಚಿಸುವ ಅಗಲ ಬಾಣದ ಗುರುತು ಎರಡು ಬಾರಿ, ಮೊನೆಗೆ ಮೊನೆ ತಾಗುವಂತೆ ಇದ್ದರೆ ಸೈನ್ಯ ಅದನ್ನು ತನ್ನ ಲೆಕ್ಕದಿಂದ ತೆಗೆದು ಮಾರಿತೆಂದು ಅರ್ಥ. ಹಾಗಾದರೆ ದೊರೆ ಅದನ್ನು ಕೊಂಡದ್ದೂ ಅಜ್ಜಯ್ಯನಿಗೆ ಕೊಟ್ಟದ್ದೂ ಎರಡನೆಯ ಮಹಾಯುದ್ಧದ ಕಾಲಕ್ಕಿಂತ ಹಿಂದೆ ಆಗಿರಲಾರದು.

“ಹಾಗಾದರೆ ಅಜ್ಜಯ್ಯ ಸುಳ್ಳು ಹೇಳಿದರೇನು?” ಎಂದು ದೊಡ್ಡಪ್ಪ ಸಿಡಿಮಿಡಿಗೊಳ್ಳುವುದು ಸಹಜ. ಸುಳ್ಳು ಹೇಳಬೇಕಾಗಿರಲಿಲ್ಲ. ಅಜ್ಜಯ್ಯ ‘ಯುದ್ಧದ್ದು’ ಎಂದಷ್ಟೇ ಹೇಳಿರಬಹುದು; ಯಾವ ಯುದ್ಧವೆಂಬುದನ್ನು ಮುಂದಿನವರು, ನಾಲ್ಕೆಂಬ ಅಂಕೆಯನ್ನು ಅರೆಬರೆ ಓದಿದವರು, ಸೇರಿಸಿರಬಹುದು. ಕೊಟ್ಟದ್ದು ನಿಜ, ಕೊಟ್ಟವನು ನಿಜ. ಹೆಸರು ಮಾತ್ರ ಅರ್ಧ ಶತಮಾನದಷ್ಟು ಹಿಂದಕ್ಕೆ ಸರಿಯಿತು.

ಇನ್ನು ಅಂಕಿ. ಕಾರ್ಖಾನೆ ಪ್ರತಿಯೊಂದು ಆಯುಧಕ್ಕೂ ಕೊಡುವ ಕ್ರಮಸಂಖ್ಯೆ ನೋಡುವುದಕ್ಕೆ ನೀರಸ. ಆದರೆ ಮಿಕ್ಕೆಲ್ಲ ಗುರುತುಗಳಿಗಿಂತ ಅದೇ ದೊಡ್ಡದು. ೧೯೨೮ರ ಡಿಸೆಂಬರ್ ೧೭ರಂದು ಲಾಹೋರಿನಲ್ಲಿ ಸಾಂಡರ್ಸನ ಮೇಲೆ ಭಗತ್ ಸಿಂಗ್ ಹಾರಿಸಿದ ಪಿಸ್ತೂಲು ಎಲ್ಲಿ ಹೋಯಿತೆಂಬುದು ದಶಕಗಳ ಕಾಲ ಜನರಿಗೆ ತಿಳಿದಿರಲಿಲ್ಲ. ಅದು ರಿವಾಲ್ವರಲ್ಲ, ೦.೩೨ ಅಳತೆಯ ಕೋಲ್ಟ್ ಪಿಸ್ತೂಲು. ಮೊಕದ್ದಮೆಯ ಕಾಗದಗಳಲ್ಲಿ ಅದರ ಸಂಖ್ಯೆ ೧೬೮೮೯೬ ಎಂದು ದಾಖಲಾಗಿತ್ತು. ೨೦೧೬ರಲ್ಲಿ ಇಂದೋರಿನ ಗಡಿ ಭದ್ರತಾ ಪಡೆಯ ಶಸ್ತ್ರಾಗಾರದ ಸಂಗ್ರಹದಲ್ಲಿದ್ದ ಒಂದು ಪಿಸ್ತೂಲಿನ ಬಣ್ಣವನ್ನು ಕೆರೆದಾಗ ಅದೇ ಸಂಖ್ಯೆ ಕಾಣಿಸಿತು. ಅಲ್ಲಿಯವರೆಗೆ ಅದು ಅನೇಕ ಪಿಸ್ತೂಲುಗಳಲ್ಲಿ ಒಂದಾಗಿತ್ತು, ಅಷ್ಟೇ. ಬಣ್ಣ ಬಳಿದವರು ಅಂಕಿಯನ್ನು ಮುಚ್ಚಿದ್ದರು, ಅಳಿಸಿರಲಿಲ್ಲ!

ಆದುದರಿಂದಲೇ ಹಳೆಯ ಆಯುಧ ಸಿಕ್ಕಿದೊಡನೆ ಹಿತ್ತಾಳೆ ಚೊಂಬನ್ನು ಬೆಳಗುವಂತೆ ಹುಣಿಸೆಹಣ್ಣು ಹಾಕಿ ತಿಕ್ಕುವುದೂ ಉಪ್ಪುಕಾಗದದಿಂದ ಉಜ್ಜುವುದೂ ಅನಾಹುತ. ತುಕ್ಕಿನೊಡನೆ ಕಿರೀಟ, ಬಾಣ, ಅಂಕಿ ಎಲ್ಲವೂ ಹೋಗುವುವು. ಆಯುಧದ ಗುರುತನ್ನು ಅಳಿಸುವುದು ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ೮ನೆಯ ಕಲಮಿನಂತೆ ನಿಷಿದ್ಧವೂ ಹೌದು. ಘಟ್ಟದಾಚೆ ಕಣ್ಣಿಗೆ ಕಾಣುವ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ. ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಲಾಯಿತು. ಬಿಸಿಲೆ ಹಾಸನ ಜಿಲ್ಲೆಯದು, ಆ ಸವಲತ್ತು ಇಲ್ಲಿಗೆ ದಾಟುವುದಿಲ್ಲ. ಪುರಾತನ ಮಾದರಿಯ, ದುರಸ್ತಿ ಮಾಡಿದರೂ ಹಾರದ ಆಯುಧಕ್ಕೆ ಕಾಯಿದೆಯಲ್ಲಿ ರಿಯಾಯಿತಿಯಿದೆ ನಿಜ. ಎರಡನೆಯ ಮಹಾಯುದ್ಧದ, ಎಣ್ಣೆಬಟ್ಟೆಯಲ್ಲಿ ಜೋಪಾನವಾಗಿದ್ದ ೦.೩೮ ವೆಬ್ಲಿ ಅದರೊಳಗೆ ಬರುವುದು ಕಷ್ಟ. ಲೈಸೆನ್ಸುದಾರರು ತೀರಿಕೊಂಡ ಮೇಲೆ ಅದನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಿಯೋ ಲೈಸೆನ್ಸುದಾರ ವ್ಯಾಪಾರಿಯ ಬಳಿಯೋ ಒಪ್ಪಿಸಿ, ವಾರಸುದಾರರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬೇಕು.

ಅಜ್ಜಯ್ಯನ ಕಾಲದಲ್ಲಿ ಲೈಸೆನ್ಸು ಇದ್ದಿದ್ದರೆ ಆ ಕಾಗದದಲ್ಲಿ ಆಯುಧದ ಅಳತೆ ಮತ್ತು ಸಂಖ್ಯೆಯ ಜೊತೆಗೆ ಅದು ಅವರ ಹೆಸರಿಗೆ ಬಂದ ಕಾಲದ ಸುಳಿವೂ ಸಿಕ್ಕೀತು. ಪೆಟ್ಟಿಗೆಯಲ್ಲಿ ಕಂದಾಯದ ರಸೀದಿಗಳ ಕಟ್ಟು ಇನ್ನೂ ಬಿಚ್ಚದೆ ಉಳಿದಿದೆ. ಹುಡುಗ ಈಗ ಹುಡುಕಬೇಕಾದದ್ದು ಅದರೊಳಗೆ.