ದಾಸೋಹಕ್ಕೆ ಊಟದ ಮನೆಯಷ್ಟೇ ಸಾಲದು, ಉಗ್ರಾಣವೂ ಬೇಕು



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಗೆ ಮಾಘದಿಂದ ವೈಶಾಖದೊಳಗೆ ಬಂದವರು ಈ ನೋಟವನ್ನು ಕಂಡೇ ಇರುತ್ತೀರಿ. ಯಾವುದೋ ಊರಿನ ದೇವಸ್ಥಾನಕ್ಕೆ ಬ್ರಹ್ಮಕಲಶ, ಇಲ್ಲವೇ ನಾಗಮಂಡಲ. ಮುಂದೆ ಚೆಂಡೆ, ಹಿಂದೆ ಸಾಲು ಸಾಲು ಟೆಂಪೊ, ಪಿಕಪ್, ಲಾರಿ. ಅವುಗಳಲ್ಲಿ ಅಕ್ಕಿ ಮೂಟೆ, ತೆಂಗಿನಕಾಯಿ, ಕುಂಬಳ, ಸೌತೆ, ಬಾಳೆಗೊನೆ, ಬಾಳೆಯೆಲೆ. ಇದಕ್ಕೆ ಇಲ್ಲಿನವರು ಹೊರೆಕಾಣಿಕೆ ಎನ್ನುತ್ತಾರೆ. ಊರೂರಿನವರು ತಮ್ಮ ಪಾಲಿನ ಹೊರೆ ತಂದು ಉಗ್ರಾಣಕ್ಕೆ ಒಪ್ಪಿಸುತ್ತಾರೆ. ಬೇರೆ ಮತದವರೂ ಕೈಜೋಡಿಸಿದ್ದನ್ನು ನಾನೇ ಕಂಡಿದ್ದೇನೆ.

ಟೆಂಡರು, ಅಳತೆ ಪುಸ್ತಕ, ಬಿಲ್ಲುಗಳ ನಡುವೆ ಮೂವತ್ತು ವರ್ಷಕ್ಕೂ ಹೆಚ್ಚು ಕಳೆದ ಇಂಜಿನಿಯರು ನಾನು. ಹೊರೆಕಾಣಿಕೆ ನೋಡಿದಾಗಲೆಲ್ಲ ಬೆರಗಾಗುತ್ತೇನೆ. ಟೆಂಡರಿಲ್ಲ, ಕಂತ್ರಾಟುದಾರರಿಲ್ಲ, ಮೇಲಧಿಕಾರಿಯ ಸಹಿಯೂ ಇಲ್ಲ. ಆದರೂ ಒಂದೇ ವಾರದಲ್ಲಿ ಟನ್ನುಗಟ್ಟಲೆ ಧಾನ್ಯ ಒಂದೆಡೆ ಸೇರುತ್ತದೆ, ಲೆಕ್ಕ ಬರೆದಾಗುತ್ತದೆ, ಬೇಯುತ್ತದೆ, ಬಡಿಸಿಯೂ ಆಗುತ್ತದೆ. ಈ ನೆಲದವರಿಗೆ ಕೊಡುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಆದರೆ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಈ ಹೊರೆ ಬರುವುದು ಯಾವ ತಿಂಗಳಲ್ಲಿ? ಹಸಿವು ಬರುವುದು ಯಾವ ತಿಂಗಳಲ್ಲಿ?

ತುಳುನಾಡಿನಲ್ಲಿ ಹಸಿವಿಗೆ ಒಂದು ತಿಂಗಳ ಹೆಸರೇ ಇದೆ, ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಾಲ ಅದು. ಬಿಡದೆ ಸುರಿಯುವ ಮಳೆಯಲ್ಲಿ ಹೊರಗೆ ಕೆಲಸವಿಲ್ಲ, ಹಳೆಯ ಅಕ್ಕಿ ತೀರಿದೆ, ಹೊಸ ಬೆಳೆ ಇನ್ನೂ ಗದ್ದೆಯಲ್ಲಿದೆ. ಕೆಸುವಿನ ಎಲೆ, ತಜಂಕಿನ ಸೊಪ್ಪು, ಹಲಸಿನ ಬೀಜಗಳಲ್ಲಿ ಬಡವರು ದಿನ ದೂಡುತ್ತಿದ್ದ ತಿಂಗಳು. ಈಗ ಪೇಟೆಯ ಸಭಾಂಗಣಗಳಲ್ಲಿ ಅದೇ ತಿನಿಸುಗಳನ್ನು ಸಾಲಾಗಿ ಇಟ್ಟು ಆಟಿಯ ಸಂಭ್ರಮ ಆಚರಿಸುತ್ತೇವೆ. ಆಚರಿಸಲಿ, ಬೇಡವೆನ್ನುವುದಿಲ್ಲ. ಆದರೆ ಅದೇ ಮಳೆಯಲ್ಲಿ ರಬ್ಬರ್ ಹಾಲು ತೆಗೆಯುವವರ, ಗಾರೆ ಕೆಲಸದವರ, ಬೀಡಿ ಕಟ್ಟುವ ತಾಯಂದಿರ ಮನೆಯಲ್ಲಿ ಆಟಿ ಇಂದಿಗೂ ಆಟಿಯೇ. ಅದರಲ್ಲಿ ಸಂಭ್ರಮವಿಲ್ಲ.

ನೀರಿನ ಕೆಲಸ ಬಲ್ಲವರಿಗೆ ಇದು ತಕ್ಷಣ ತಿಳಿಯುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ ಸರಿಸುಮಾರು 4000 ಮಿಲಿಮೀಟರು ಮಳೆ ಬೀಳುತ್ತದೆ. ಆದರೂ ಏಪ್ರಿಲ್-ಮೇ ತಿಂಗಳಲ್ಲಿ ಎಷ್ಟೋ ಹಳ್ಳಿಗಳಿಗೆ ಟ್ಯಾಂಕರಿನಲ್ಲಿ ನೀರು ಹೋಗಬೇಕು. ಬಂದ ನೀರನ್ನು ಬೇಕಾದ ತಿಂಗಳವರೆಗೆ ಹಿಡಿದಿಡುವ ಕಟ್ಟೆ ಇಲ್ಲದಿರುವುದೇ ಇದಕ್ಕೆ ಕಾರಣ. ನಮ್ಮ ಅನ್ನದಾನವೂ ಹಾಗೆಯೇ ಆಗಿದೆ. ಚೈತ್ರದಲ್ಲಿ ನೆರೆ, ಆಷಾಢದಲ್ಲಿ ಬರ. ಉಂಡವನಿಗೇ ಮತ್ತೆ ಬಡಿಸುತ್ತೇವೆ, ಒಲೆ ಆರಿದ ಮನೆಗೆ ನಮ್ಮ ದಾರಿಯೇ ಇಲ್ಲ.

ಬೇರೆಯವರ ಮಾತು ಬಿಡೋಣ, ನಮ್ಮ ಮಾತಿಗೆ ಬರೋಣ. ದಾಸೋಹ ಎಂಬ ಶಬ್ದವನ್ನು ನಾಡಿಗೆ ಕೊಟ್ಟವರು ಶರಣರು. ಸರ್ಕಾರ ಶಾಲೆಯ ಬಿಸಿಯೂಟಕ್ಕೆ ಅಕ್ಷರ ದಾಸೋಹ ಎಂದು ಹೆಸರಿಟ್ಟಿತು. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿಯವರು ಲಿಂಗೈಕ್ಯರಾದ ಜನವರಿ 21ನ್ನು ದಾಸೋಹ ದಿನವೆಂದು ಕರೆಯಿತು. ಪೂಜ್ಯರು ಹಳ್ಳಿ ಹಳ್ಳಿ ಸುತ್ತಿ ಧಾನ್ಯ ಬೇಡಿ ತಂದು ಸಾವಿರಾರು ಮಕ್ಕಳಿಗೆ ಉಣಿಸಿದರು. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಲಕ್ಷಾಂತರ ಜೋಳದ ರೊಟ್ಟಿ ಬರುವುದನ್ನು ನೋಡಿದವರಿಗೆ ನಮ್ಮ ಜನರ ಕೈ ಎಷ್ಟು ದೊಡ್ಡದೆಂದು ಗೊತ್ತು. ಇಷ್ಟೆಲ್ಲ ಇದ್ದೂ ಅನೇಕ ಕಡೆ ದಾಸೋಹವೆಂಬುದು ಊಟದ ಮನೆಯ ಕಮಾನಿನ ಮೇಲಿನ ಬರಹವಾಗಿ ನಿಂತುಬಿಟ್ಟಿದೆ. ಕಮಾನಿನ ಕೆಳಗೆ ಕಲ್ಲು, ಕಲ್ಲಿನ ಮೇಲೆ ದಾನಿಗಳ ಹೆಸರು, ಹೆಸರಿನ ಮುಂದೆ ಮೊತ್ತ. ಮಠಕ್ಕೆ ಬಂದವನಿಗೆ ಅನ್ನ ಉಂಟು. ಬರಲಾಗದವನಿಗೆ?

ಬೆಳ್ತಂಗಡಿ ತಾಲ್ಲೂಕಿನಲ್ಲೇ ಧರ್ಮಸ್ಥಳವಿದೆ. ಅಲ್ಲಿನ ಅನ್ನಪೂರ್ಣ ಛತ್ರದಲ್ಲಿ ನಿತ್ಯ ಸಾವಿರಾರು ಜನ ಉಣ್ಣುತ್ತಾರೆ. ಮೂಡುಬಿದಿರೆಯ ಬಸದಿಗಳ ಪರಂಪರೆಯಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಆಹಾರವೂ ಒಂದು. ಈ ಹಿರಿಮೆಗೆ ತಲೆಬಾಗೋಣ. ಆದರೆ ಚಾರ್ಮಾಡಿಯ ತಪ್ಪಲಿನ ಮನೆಯ ಮುದುಕಿ ಮಧ್ಯಾಹ್ನದ ಒಂದು ಊಟಕ್ಕೆ ಬಸ್ಸು ಹತ್ತಿ ಹೋಗಿಬರುವುದುಂಟೆ? ಛತ್ರ ಯಾತ್ರಿಕನ ಹಸಿವಿಗೆ ಉತ್ತರ. ಮನೆಯ ಹಸಿವಿಗೆ ಬೇಕಾದದ್ದು ಮನೆಯ ಒಲೆಗೆ ಮುಟ್ಟುವ ಧಾನ್ಯ.

ಇಂಥದಕ್ಕೆ ಈಗ ಆಹಾರ ಬ್ಯಾಂಕು ಎನ್ನುತ್ತಾರೆ. ಅಮೆರಿಕದ ಫೀನಿಕ್ಸ್ ಊರಿನಲ್ಲಿ 1967ರಲ್ಲಿ ಜಾನ್ ವಾನ್ ಹೆಂಗೆಲ್ ಎಂಬವರು ಮೊದಲನೆಯದನ್ನು ತೆರೆದರು. ಹಣ ಇಟ್ಟು ತೆಗೆಯುವಂತೆ ಆಹಾರ ಇಟ್ಟು ತೆಗೆಯುವ ಜಾಗವೊಂದು ಬೇಕು ಎಂದು ಬಡ ತಾಯಿಯೊಬ್ಬಳು ಆಡಿದ ಮಾತೇ ಅದಕ್ಕೆ ಮೂಲ ಎಂದು ಅದರ ಕಥೆ ಹೇಳುತ್ತದೆ. ನಮಗೆ ಇದು ಹೊಸದೇನಲ್ಲ. ಮಠದ ಉಗ್ರಾಣವೂ ಮನೆಮನೆಯ ಮುಷ್ಟಿಧಾನ್ಯವೂ ಇದೇ ಆಗಿದ್ದವು. ಬಡ ವಿದ್ಯಾರ್ಥಿಗಳ ಪ್ರಸಾದ ನಿಲಯಗಳು ನಡೆದದ್ದು ಮುಷ್ಟಿಧಾನ್ಯದಿಂದಲೇ.

ಈ ಮಾತೆತ್ತಿದಾಗ ಮೂರು ಆಕ್ಷೇಪಗಳು ತಪ್ಪದೆ ಬರುತ್ತವೆ.

ಮೊದಲನೆಯದು: "ಅನ್ನಭಾಗ್ಯ ಉಂಟಲ್ಲ ಮಾರಾಯ್ರೇ, ಮತ್ತೆ ನಮ್ಮದೆಂಥ ಕೆಲಸ?" 2013ರಿಂದ ಅನ್ನಭಾಗ್ಯ ಉಂಟು, ಅದು ಅನೇಕ ಮನೆಗಳ ಜೀವ ಹಿಡಿದಿದೆ, ನಿಜ. ಆದರೆ ಅಕ್ಕಿ ಒಂದೇ ಊಟವಲ್ಲ. ಬೇಳೆ, ಎಣ್ಣೆ, ಉಪ್ಪು, ಮೆಣಸೂ ಬೇಕು. ಪಡಿತರದಲ್ಲಿ ಬರುವುದು ಬೆಳ್ತಿಗೆ, ಕರಾವಳಿಯವರು ಉಣ್ಣುವುದು ಕುಚಲಕ್ಕಿ. ಪಡಿತರದಲ್ಲೂ ಕುಚಲಕ್ಕಿ ಕೊಡಿ ಎಂಬ ಬೇಡಿಕೆ ವರ್ಷಗಳಿಂದ ಇದೆ. ಇನ್ನು ನಮ್ಮ ಬಾಗಲಕೋಟೆ, ಕೊಪ್ಪಳ, ವಿಜಯಪುರ, ಗದಗ ಕಡೆಯಿಂದ ಬಂದು ಇಲ್ಲಿನ ರಸ್ತೆ-ಕಟ್ಟಡ ಕಟ್ಟುವ ಕೂಲಿಕಾರರು ಇದ್ದಾರೆ. ಯಾವ ಊರಿನ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡಿತರ ಪಡೆಯಬಹುದೆಂಬ ವ್ಯವಸ್ಥೆ ಬಂದಿದೆ. ಆದರೆ ಊರಲ್ಲಿ ಉಳಿದ ಅಪ್ಪ-ಅವ್ವ ಆ ಕಾರ್ಡಿನ ಅಕ್ಕಿಯನ್ನೇ ಉಣ್ಣುತ್ತಿದ್ದರೆ ಇಲ್ಲಿ ಯಾವುದನ್ನು ತರುವುದು? ಕಲ್ಲು ಹೊತ್ತು ಹೊತ್ತು ಬೆರಳಿನ ಗೆರೆ ಸವೆದವರ ಹೆಬ್ಬೆರಳನ್ನು ಯಂತ್ರ ಗುರುತಿಸದೆ ಹೋದ ದಿನ ಯಾರನ್ನು ಕೇಳುವುದು?

ಬಂಟ್ವಾಳದಲ್ಲಿ ಕೆಲಸದಲ್ಲಿದ್ದಾಗಿನ ಮಾತು. ಆಟಿಯ ಮಳೆಗೆ ರಸ್ತೆ ಕೆಲಸ ನಿಂತು ಹನ್ನೆರಡು ದಿನವಾಗಿತ್ತು. ಶೆಡ್ಡಿನಲ್ಲಿದ್ದ ಹೆಣ್ಣುಮಗಳೊಬ್ಬಳು ನನ್ನ ಜೀಪಿನ ಹತ್ತಿರ ಬಂದು, "ಸಾಹೇಬ್ರ, ಎಲ್ಲಿಯಾರ ಒಂದ್ ಸೇರು ಜ್ವಾಳದ ಹಿಟ್ಟ ಸಿಗತೇತೇನ್ರೀ? ಹುಡ್ರು ರೊಟ್ಟಿ ಕೇಳಾಕತ್ತಾವ" ಎಂದಳು. ನಾನು ನೂರು ರೂಪಾಯಿ ಕೊಡಲು ಹೋದೆ. ಆಕೆ ತೆಗೆದುಕೊಳ್ಳಲಿಲ್ಲ. "ರೊಕ್ಕ ಬ್ಯಾಡ್ರಿ, ಕೆಲಸ ಚಾಲೂ ಆದಮ್ಯಾಲ ನಾವ ಕೊಟ್ಟು ತಗೋತೀವಿ" ಎಂದಳು. ಆ ಊರಿನಲ್ಲಿ ಆ ದಿನ ನನಗೂ ಜೋಳದ ಹಿಟ್ಟು ಸಿಗಲಿಲ್ಲ. ಅದೇ ವರ್ಷ ಬೇಸಿಗೆಯಲ್ಲಿ ನಾನು ಐದು ಸಂತರ್ಪಣೆಗಳಿಗೆ ಚಂದಾ ಕೊಟ್ಟಿದ್ದೆ.

ಎರಡನೆಯ ಆಕ್ಷೇಪ ನಮ್ಮವರದೇ, ಅದಕ್ಕಾಗಿ ಹೆಚ್ಚು ನೋವಿನದು. ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ಶರಣರು ಕಾಯಕ ಮಾಡಿ ಎಂದಿದ್ದಾರೆ, ಬೇಡಿ ತಿನ್ನಿ ಎಂದಿಲ್ಲ ಎಂದು ವೇದಿಕೆಯ ಮೇಲೆ ಹೇಳುತ್ತಾರೆ. ಕಾಯಕವನ್ನು ಬಡವನ ಬೆನ್ನಿಗೆ ಬಾರಿಸುವ ಕೋಲು ಮಾಡಿಕೊಂಡವರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಲಿ. ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ನಿತ್ಯದ ಅಗತ್ಯಕ್ಕಿಂತ ಹೆಚ್ಚು ತಂದ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಆ ತಾಯಿ ಕಳಿಸಿದಳು. ಅತಿಯಾಸೆ ಬೇಡವೆಂಬ ಪಾಠವನ್ನು ಕಲ್ಯಾಣಕ್ಕೇ ಕಲಿಸಿದ್ದು ಅತಿ ಬಡವರ ಮನೆ. ಜೋಳದ ಹಿಟ್ಟು ಕೇಳಿದ ಹೆಣ್ಣುಮಗಳೂ ಲಕ್ಕಮ್ಮನ ಕುಲದವಳೇ ಎಂದು ನನಗೆ ಅನಿಸಿದೆ. ಮಳೆ ಕೆಲಸ ಕಸಿದುಕೊಂಡಿತೇ ಹೊರತು ಆಕೆ ಕಾಯಕ ಬಿಟ್ಟಿರಲಿಲ್ಲ. ಕಾಯಕ ಮಾಡಿದವನು ತನಗೆ ಮಿಕ್ಕಿದ್ದನ್ನು ಸಮಾಜಕ್ಕೆ ಒಪ್ಪಿಸುವುದು ದಾಸೋಹ. ಹಾಗಾದರೆ ಮೊದಲು ತನಿಖೆಯಾಗಬೇಕಾದದ್ದು ಉಳ್ಳವರ ಕಾಯಕ, ಹಸಿದವರದ್ದಲ್ಲ.

ಮೂರನೆಯವರು ಸಲಹೆಯ ರೂಪದಲ್ಲಿ ಬರುತ್ತಾರೆ: "ಮದುವೆ ಹಾಲ್‌ಗಳಲ್ಲಿ ಎಷ್ಟು ಉಳಿಯುತ್ತದೆ ಸರ್, ಅದನ್ನೇ ಹಂಚಿಬಿಡಿ." ಮುಟ್ಟದ, ಕೆಡದ ಅಡುಗೆಯನ್ನು ಹೊತ್ತಿಗೆ ಸರಿಯಾಗಿ ಹಂಚುವುದು ಒಳ್ಳೆಯದೇ. ಅದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮಗಳನ್ನೂ ಮಾಡಿದೆ. ಆದರೆ ನಮ್ಮ ವ್ಯವಸ್ಥೆಯ ಅಡಿಪಾಯ ಅದಾಗಬಾರದು. ಕೊರಗ ಸಮುದಾಯಕ್ಕೆ ಉಳಿದದ್ದನ್ನೂ ಎಂಜಲನ್ನೂ ಕೊಟ್ಟು ಅದನ್ನೇ ಪದ್ಧತಿ ಎಂದು ನಡೆಸಿದ ನೆಲ ಇದು. ಆ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯೇ ಬರಬೇಕಾಯಿತು. ಪಂಕ್ತಿಭೇದವನ್ನು ಮುರಿದ ಶರಣರ ಹೆಸರು ಹೇಳುವ ನಾವು, ನಮ್ಮ ಎಲೆಯಲ್ಲಿ ಹೆಚ್ಚಾದದ್ದನ್ನು ಇನ್ನೊಬ್ಬನ ಎಲೆಗೆ ಸರಿಸಿ ದಾಸೋಹ ಎನ್ನಬಹುದೆ? ನಾವು ಉಣ್ಣುವ ಅಕ್ಕಿಯನ್ನೇ, ನಾವು ಉಣ್ಣುವ ಮೊದಲೇ ತೆಗೆದಿಡಬೇಕು.

ಬರಿ ಉತ್ಸಾಹ ಸಾಲದು ಎಂಬುದಕ್ಕೆ ನನ್ನದೇ ತಪ್ಪು ಸಾಕ್ಷಿ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಘಟ್ಟದ ತಪ್ಪಲಿನ ಹಳ್ಳಿಗಳಿಗೆ ನೆರೆ ನುಗ್ಗಿ ಗದ್ದೆ-ತೋಟ, ಸೇತುವೆಗಳು ಕೊಚ್ಚಿಹೋದವು. ನಾವು ಕೆಲವರು ಹದಿನಾಲ್ಕು ಮೂಟೆ ಅಕ್ಕಿ ಕೂಡಿಸಿದೆವು. ಹಂಚುವ ದಾರಿ ತಿಳಿಯದೆ ಹಾಲ್ ಒಂದರ ಸಿಮೆಂಟು ನೆಲದ ಮೇಲೆ ಗೋಡೆಗೆ ಒತ್ತಿ ಪೇರಿಸಿದೆವು. ಮೂರು ವಾರಕ್ಕೆ ಆರು ಮೂಟೆ ಮುಗ್ಗಲು ಹಿಡಿಯಿತು. ಜೀವಮಾನವಿಡೀ ಕಟ್ಟಡದ ತೇವ ತಡೆಯುವುದನ್ನು ಕಲಿಸಿದವನು ಅಕ್ಕಿಯ ಕೆಳಗೆ ನಾಲ್ಕು ಹಲಗೆ ಇಡಲು ಮರೆತೆ. ಮುಡಿ ಕಟ್ಟಿ ಅಟ್ಟದಲ್ಲಿಟ್ಟು ಮಳೆಗಾಲ ದಾಟಿಸುತ್ತಿದ್ದ ಇಲ್ಲಿನ ರೈತನಿಗೆ ಇದ್ದ ತಿಳಿವಳಿಕೆ ನನ್ನ ಪದವಿಗೆ ಇರಲಿಲ್ಲ.

ಆದ್ದರಿಂದ ಪೂಜ್ಯರಲ್ಲಿಯೂ ಶರಣ ಬಂಧುಗಳಲ್ಲಿಯೂ ನನ್ನ ಬೇಡಿಕೆ ಇವಿಷ್ಟು.

ಒಂದು, ಮುಷ್ಟಿಧಾನ್ಯ ಮತ್ತೆ ಆರಂಭವಾಗಲಿ. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ಬೇರೆ ಡಬ್ಬಿಗೆ ಹಾಕಿ. ಮುಷ್ಟಿಗೆ ನಲವತ್ತು ಗ್ರಾಂ ಎಂದರೂ ತಿಂಗಳಿಗೆ 1.2 ಕಿಲೋ. ನೂರು ಮನೆಗೆ 120 ಕಿಲೋ. ತಿಂಗಳಿಗೆ ಹತ್ತು ಕಿಲೋದಂತೆ ಹನ್ನೆರಡು ಮನೆಗಳ ಒಲೆ ಉರಿಯುತ್ತದೆ.

ಎರಡು, ಮೂರು ತಾಲ್ಲೂಕಿಗೆ ಒಂದೊಂದು ಉಗ್ರಾಣವಾಗಲಿ. ಹೊಸ ಕಟ್ಟಡ ಬೇಡ, ಕಲ್ಲಿನ ಕೆತ್ತನೆಯೂ ಬೇಡ. ಒಣಗಿದ ಒಂದು ಕೋಣೆ, ನೆಲದಿಂದ ಅರ್ಧ ಅಡಿ ಎತ್ತರದ ಹಲಗೆ, ಗೋಡೆಯಿಂದ ಒಂದು ಅಡಿ ಅಂತರ ಇದ್ದರೆ ಸಾಕು. ತೇವಾಂಶ ನೂರಕ್ಕೆ ಹದಿನಾಲ್ಕು ಮೀರಿದ ಅಕ್ಕಿಯನ್ನು ಒಳಗೆ ಬಿಡಬಾರದು. ಮೊದಲು ಬಂದದ್ದು ಮೊದಲು ಹೋಗಬೇಕು.

ಮೂರು, ಹೊರೆಕಾಣಿಕೆಯ ಸಮಿತಿಗಳೊಂದಿಗೆ ಕುಳಿತು ಮಾತಾಡೋಣ. ಉತ್ಸವ ಮುಗಿದ ಮೇಲೆ ಮಿಕ್ಕ ಅಕ್ಕಿ-ಬೇಳೆಯ ಒಂದು ಪಾಲು ಆಟಿಗೆಂದು ಉಗ್ರಾಣ ಸೇರಲಿ. ಇದು ನಮ್ಮವರ ಉಗ್ರಾಣವಲ್ಲ, ಊರಿನ ಉಗ್ರಾಣ. ದೇವಸ್ಥಾನ, ಬಸದಿ, ಮಸೀದಿ, ಇಗರ್ಜಿಯವರೂ ಲೆಕ್ಕದ ಪುಸ್ತಕ ನೋಡುವಂತಿರಲಿ.

ನಾಲ್ಕು, ಪಡೆಯುವವರ ಜಾತಿ ಕೇಳಬಾರದು, ಫೋಟೊ ತೆಗೆಯಬಾರದು. ಯಾರ ಮನೆಯಲ್ಲಿ ಒಲೆ ಆರಿದೆ ಎಂಬುದು ಆಶಾ ಕಾರ್ಯಕರ್ತೆಗೂ ಅಂಗನವಾಡಿಯ ಅಕ್ಕನಿಗೂ ಗೊತ್ತು. ಅವರ ಮಾತೇ ಅರ್ಜಿಯಾಗಲಿ. ಕುಚಲಕ್ಕಿ ಉಣ್ಣುವವರಿಗೆ ಕುಚಲಕ್ಕಿ, ರೊಟ್ಟಿ ತಿನ್ನುವವರಿಗೆ ಜೋಳ ಕೊಡಿ. ಕೆಲಸ ಸಿಕ್ಕ ಮೇಲೆ ತಿರುಗಿ ಕೊಡುತ್ತೇನೆ ಎಂದವರಿಂದ ಗೌರವದಿಂದ ತೆಗೆದುಕೊಳ್ಳಿ. ಇಂದು ಪಡೆದವರು ನಾಳೆ ದಾಸೋಹಿಗಳಾಗಲು ಆ ಬಾಗಿಲು ತೆರೆದಿರಬೇಕು.

ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಆದರೆ ಒಂದು ತ್ಯಾಗ ಬೇಕು. ದಾನ ಕೊಟ್ಟ ಕೈಗೆ ಹೆಸರು ಸಿಗುವುದಿಲ್ಲ, ವೇದಿಕೆಯ ಮೇಲೆ ಶಾಲು ಹೊದಿಸುವವರಿಲ್ಲ. ಅಷ್ಟನ್ನು ಬಿಡಲಾರೆವಾದರೆ ಕಮಾನಿನ ಮೇಲಿನ ದಾಸೋಹ ಎಂಬ ಅಕ್ಷರಗಳನ್ನು ಅಳಿಸಿ ಊಟದ ಮನೆ ಎಂದಷ್ಟೇ ಬರೆಸೋಣ. ಅದರಲ್ಲಿ ಸುಳ್ಳಾದರೂ ಇರುವುದಿಲ್ಲ.

ಮೂಡುಬಿದಿರೆಯ ನನ್ನ ಮನೆಯಲ್ಲಿ ಯುಗಾದಿಯಿಂದ ಮುಷ್ಟಿಯ ಡಬ್ಬಿ ಇಟ್ಟಿದ್ದೇವೆ. ಬೀದಿಯ ಇನ್ನೂ ಹನ್ನೊಂದು ಮನೆಯವರು ಇಟ್ಟಿದ್ದಾರೆ. ಅವರಲ್ಲಿ ನಮ್ಮ ಸಮಾಜದವರು ಇಬ್ಬರೇ. ಈ ಲೆಕ್ಕ ಓದಿ ಯಾರಿಗಾದರೂ ಕಸಿವಿಸಿಯಾದರೆ ಬರೆದದ್ದು ಸಾರ್ಥಕ. ಬರುವ ಆಟಿಗೆ ಇನ್ನು ಹೆಚ್ಚು ದಿನ ಉಳಿದಿಲ್ಲ.