ಮೂರನೇ ಹೋಲ್ ಮತ್ತು ಪಕ್ಕದ ಮನೆ ತಾರಸಿ

ಮೊದಲೇ ತಪ್ಪು ಒಪ್ಪಿಕೊಂಡುಬಿಡ್ತೀವಿ. ಚಾಮರಾಜನಗರದಲ್ಲಿ ನಮ್ಮ ರೂಮಿನ ಹಿಂದಿದ್ದ ಖಾಲಿ ಜಾಗಕ್ಕೆ ಈಗ ಮುಳ್ಳುತಂತಿ ಬಿದ್ದಿದೆ. ಅದಕ್ಕೆ ಕಾರಣ ನಾವು. ದಿನಾ ಸಂಜೆ ಅಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡ್ತಿದ್ದ ಐದನೇ ಆರನೇ ಕ್ಲಾಸಿನ ಹುಡುಗರು ಈಗ ರಸ್ತೆಯಲ್ಲಿ ಆಡ್ತಾರೆ, ಬೈಕ್ ಬಂದಾಗಲೆಲ್ಲ ವಿಕೆಟ್ ಎತ್ತಿಕೊಂಡು ಪಕ್ಕಕ್ಕೆ ಓಡ್ತಾರೆ. ಅದಕ್ಕೂ ಕಾರಣ ನಾವೇ. ಅವರು ನಮ್ಮನ್ನು ನೋಡಿ ಏನೂ ಅನ್ನಲ್ಲ, ಸುಮ್ನೆ ನೋಡ್ತಾರೆ. ಬೈದಿದ್ರೆ ವಾಸಿಯಿತ್ತು.

ನಡೆದದ್ದು ಇಷ್ಟು. ಪಾಸಾಗಿ ಹೋದ ಸೀನಿಯರ್ ಒಬ್ಬರು ಬೆಂಗಳೂರಿನಿಂದ ತಂದಿದ್ದ ನಾಲ್ಕು ಡಿಸ್ಕ್ ನಮಗೆ ಬಿಟ್ಟು ಹೋಗಿದ್ರು. ಡಿಸ್ಕ್ ಗಾಲ್ಫ್ ಅಂದ್ರೆ ಗಾಲ್ಫೇ, ಆದರೆ ಕೋಲೂ ಇಲ್ಲ, ಚೆಂಡೂ ಇಲ್ಲ. ಒಂದು ಗುರುತಿನಿಂದ ತಟ್ಟೆ ಎಸೀಬೇಕು, ಅದು ಬಿದ್ದ ಜಾಗದಿಂದ ಮತ್ತೆ ಎಸೀಬೇಕು, ಹಾಗೇ ಹೋಗಿ ಕೊನೆಗೆ ಸರಪಳಿ ನೇತುಹಾಕಿದ ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದ ಹಾಗೆ. ನೆಲದಲ್ಲಿ ತೂತೇನೂ ಇರಲ್ಲ, ಆದರೂ ಒಂದೊಂದು ಸುತ್ತಿಗೆ ಹೋಲ್ ಅಂತಲೇ ಹೆಸರು. 1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕ್‌ನಲ್ಲಿ ಮೊದಲ ಕಾಯಂ ಕೋರ್ಸ್ ಮಾಡಿದವನು ಎಡ್ ಹೆಡ್ರಿಕ್. ಸರಪಳಿ ಬುಟ್ಟಿಯ ಪೇಟೆಂಟೂ ಅವನದೇ. 2002ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ಗೆ ಬೆರೆಸಿ ಡಿಸ್ಕ್ ಮಾಡಿದರಂತೆ. ಹುಚ್ಚು ಅಂದ್ರೆ ಹಾಗಿರಬೇಕು.

ನಮಗೂ ಆ ಹುಚ್ಚು ಸ್ವಲ್ಪ ಹತ್ತಿತು. ಗುಜರಿಯಿಂದ ಹಳೇ ಸೈಕಲ್ ರಿಮ್ ತಂದ್ವಿ, ಅದಕ್ಕೆ ಸರಪಳಿ ತುಂಡು ಕಟ್ಟಿದ್ವಿ, ಕೆಳಗೊಂದು ಪ್ಲಾಸ್ಟಿಕ್ ಟಬ್ ಇಟ್ವಿ. ಒಂದೇ ಭಾನುವಾರದಲ್ಲಿ ಐದು ಹೋಲ್ ರೆಡಿ. ಅದರಲ್ಲಿ ಮೂರನೆಯದು ನಮ್ಮ ಹೆಮ್ಮೆ. ಬೇವಿನ ಮರದ ಬುಡದಿಂದ ಎಸೆದರೆ ಸುಮಾರು 60 ಮೀಟರ್ ದೂರದಲ್ಲಿ, ಎಡಗಡೆ ಮೂಲೆಯ ಮನೆಯ ಕಾಂಪೌಂಡ್ ಪಕ್ಕ ಬುಟ್ಟಿ. ಅಲ್ಲೇ ಯಾಕೆ ಇಟ್ವಿ? ಗೋಡೆ ಇದ್ರೆ ಡಿಸ್ಕ್ ಉರುಳಿ ಹೋಗಲ್ಲ, ಹುಡುಕೋ ಕೆಲಸ ಉಳಿಯುತ್ತೆ ಅಂತ. ಅಂದ್ರೆ ಬೇರೆಯವರ ಮನೆ ಗೋಡೆಯನ್ನು ನಮ್ಮ ಫೀಲ್ಡರ್ ಮಾಡಿಕೊಂಡಿದ್ವಿ. ಆಗ ಅದು ನಮಗೆ ಹಾಗೆ ಕಾಣಲೇ ಇಲ್ಲ.

ಮೂರನೇ ವಾರ ಒಂದು ಡಿಸ್ಕ್ ಗೋಡೆ ದಾಟಿ, ತಾರಸಿ ಮೇಲಿದ್ದ ಸೋಲಾರ್ ಹೀಟರ್‌ನ ಗಾಜಿನ ಟ್ಯೂಬಿಗೆ ಹೊಡೀತು. ಶಬ್ದ ನಮಗೆ ಇಲ್ಲಿಯವರೆಗೂ ಕೇಳಿಸ್ತು. ಓಡಿಹೋಗೋಣ ಅಂತ ನಮ್ಮಲ್ಲಿ ಒಬ್ಬ ಅಂದಿದ್ದು ನಿಜ, ಯಾರು ಅಂತ ಹೇಳಲ್ಲ. ಆದರೆ ಹೋದ್ವಿ. ಆಂಟಿ ಬಾಗಿಲು ತೆಗೆದು, "ಏನ್ರಪ್ಪಾ, ಐದು ನಿಮಿಷದ ಹಿಂದೆ ನಮ್ಮತ್ತೆ ಅಲ್ಲೇ ಕೂತು ತಲೆ ಒಣಗಿಸ್ಕೊತಿದ್ರು" ಅಂದ್ರು. ಅಷ್ಟೇ. ಟ್ಯೂಬಿನ ದುಡ್ಡು ನಾವು ಸೇರಿಸಿ ಕೊಟ್ವಿ, ಅವರು ತಗೊಂಡ್ರು. ಆದರೆ ಮುಂದಿನ ವಾರ ಸೈಟಿನ ಯಜಮಾನರಿಗೆ ವಿಷಯ ಹೋಗಿ ತಂತಿ ಬಿತ್ತು. ಅವರದ್ದೂ ತಪ್ಪಲ್ಲ. ಖಾಲಿ ಸೈಟ್ ಅನ್ನೋದು ಮೈದಾನ ಅಲ್ಲ, ಯಾರೋ ಇನ್ನೂ ಕಟ್ಟದೇ ಇರೋ ಮನೆ.

ಹಾಸ್ಟೆಲ್ಲಿನಲ್ಲಿ ಇದನ್ನ ಹೇಳಿದಾಗ ಎಲ್ಲರೂ ಕೊಟ್ಟ ತೀರ್ಪು ಒಂದೇ: "ಎಸೆದವನಿಗೆ ಕಂಟ್ರೋಲ್ ಇಲ್ಲ." ಇದನ್ನೇ ನಾವು ಒಪ್ಪಲ್ಲ. ಎಸೆದವನು ಸಾಧಾರಣವಾಗೇ ಎಸೆದಿದ್ದ. ಆ ಹೋಲ್ ಇದ್ದದ್ದೇ ಹಾಗೆ. ಬಲಗೈಯವರು ನಾವು ಎಸೆಯೋ ರೀತಿಯಲ್ಲಿ, ಅಂದ್ರೆ ಕೈಯನ್ನು ಎದೆಗೆ ಅಡ್ಡ ತಂದು ಬೀಸಿ ಎಸೆದರೆ, ಡಿಸ್ಕ್ ವೇಗ ಕಳ್ಕೊಂಡ ಹಾಗೆ ಎಡಕ್ಕೆ ವಾಲುತ್ತೆ. ಇದು ಕೈಚಳಕದ ದೋಷ ಅಲ್ಲ, ತಿರುಗೋ ವಸ್ತುವಿನ ಸ್ವಭಾವ. ನಮ್ಮಲ್ಲಿ ಮೂವರು ಬಲಗೈಯವರು. ಬುಟ್ಟಿ ಎಡಗಡೆ, ಮನೆ ಅದಕ್ಕೂ ಎಡಗಡೆ. ಒಂದಲ್ಲ ಒಂದು ದಿನ ತಾರಸಿಗೆ ಬೀಳಲಿ ಅಂತಲೇ ಡಿಸೈನ್ ಮಾಡಿದ ಹಾಗಿತ್ತು. ಮೊದಲ ಸೆಮಿಸ್ಟರಿನಲ್ಲೇ ಕೋನೀಯ ಸಂವೇಗ ಓದಿ ಪಾಸಾದವರು ಬುಟ್ಟಿ ಇಡುವಾಗ ಅದನ್ನ ನೆನಪೇ ಮಾಡ್ಕೊಳ್ಳಲಿಲ್ಲ.

ಹಾಗಂತ ಮನೆಯನ್ನು ಬಲಗಡೆಗೆ ಬರೋ ಹಾಗೆ ಮಾಡಿದ್ರೆ ಸರಿಹೋಯ್ತು ಅಂತಲ್ಲ. ಕೈ ಬಿಡೋದು ಅರೆಕ್ಷಣ ತಡವಾದರೆ ಡಿಸ್ಕ್ ನೇರ ಬಲಕ್ಕೇ ಹೋಗುತ್ತೆ. ಎದುರುಗಾಳಿ ಇದ್ರೂ ಅಷ್ಟೇ, ಬಲಕ್ಕೆ ಮಗುಚುತ್ತೆ. ನಮ್ಮೂರಿನ ಆಷಾಢದ ಗಾಳಿ ಗೊತ್ತಲ್ಲ, ಅದು ಒಣಗಿಹಾಕಿದ ಬಟ್ಟೆಯನ್ನೇ ಮೂರನೇ ಮನೆಗೆ ಸಾಗಿಸುತ್ತೆ. ಎಡಗೈಯವನಿಗೆ ಇದೆಲ್ಲ ಉಲ್ಟಾ. 60 ಮೀಟರಿನ ಎಸೆತದಲ್ಲಿ ದಿಕ್ಕು 10 ಡಿಗ್ರಿ ತಪ್ಪಿದರೆ ಹತ್ತೂವರೆ ಮೀಟರ್ ಪಕ್ಕಕ್ಕೆ, 20 ಡಿಗ್ರಿ ತಪ್ಪಿದರೆ ಹತ್ತತ್ರ 22 ಮೀಟರ್. ನಾವು ಆಮೇಲೆ ಬೇರೆ ಕಡೆ, ಊರಾಚೆಯ ಬಯಲಲ್ಲಿ, ಡಿಸ್ಕ್ ಬಿದ್ದ ಕಡೆಯೆಲ್ಲ ಸುಣ್ಣದ ಪುಡಿಯಲ್ಲಿ ಗುರುತು ಹಾಕಿ ನೋಡಿದ್ವಿ. ಅದು ಗೆರೆ ಆಗಿರಲಿಲ್ಲ, ಬಿಚ್ಚಿದ ಬೀಸಣಿಗೆ ಆಗಿತ್ತು. ನಾವು ಪೇಪರ್ ಮೇಲೆ ಬರೆದಿದ್ದು ಮಾತ್ರ ಗೆರೆ. ಹೋಲ್ ಡಿಸೈನ್ ಮಾಡೋದು ಅಂದ್ರೆ ಆ ಬೀಸಣಿಗೆಯೊಳಗೆ ಯಾರ ಮನೆಯೂ ಬರದ ಹಾಗೆ ನೋಡ್ಕೊಳ್ಳೋದು ಅಂತ ನಮಗೆ ಈಗ ಅನ್ಸುತ್ತೆ. ಗೆರೆ ಎಷ್ಟು ಚೆನ್ನಾಗಿದೆ ಅನ್ನೋದು ಆಮೇಲಿನ ಮಾತು.

"ಪ್ಲಾಸ್ಟಿಕ್ ತಟ್ಟೆ ತಾನೇ" ಅನ್ನೋರಿಗೆ ಒಂದು ಮಾತು. ದೂರಕ್ಕೆ ಎಸೆಯೋ ಡಿಸ್ಕ್‌ಗಳು ಸಾಮಾನ್ಯವಾಗಿ 175 ಗ್ರಾಂ ಸುತ್ತಮುತ್ತ ತೂಗುತ್ತವೆ. ಕ್ರಿಕೆಟ್ಟಿನ ಲೆದರ್ ಬಾಲ್ 163 ಗ್ರಾಂ ಮೀರಬಾರದು. ಹುಡುಗರು ಆಡೋ ಟೆನಿಸ್ ಬಾಲ್ 60 ಗ್ರಾಂ ಕೂಡ ಇಲ್ಲ. ಜೊತೆಗೆ ಡಿಸ್ಕಿಗೆ ಗಟ್ಟಿ ಅಂಚು ಬೇರೆ. ಆ ಜಾಗದಲ್ಲಿ ಅತಿ ಅಪಾಯದ ಆಟ ಆಡ್ತಿದ್ದವರು ನಾವು, ಆಟ ಕಳ್ಕೊಂಡವರು ಚಿಕ್ಕ ಹುಡುಗರು.

ಇಷ್ಟಾಗಿದ್ರೆ ನಾವು ಈ ಲೇಖನ ಬರೀತಿರಲಿಲ್ಲವೇನೋ. ರಜೆಯಲ್ಲಿ ನಮ್ಮಲ್ಲೊಬ್ಬನ ಊರು ಗುಂಡ್ಲುಪೇಟೆಗೆ, ತೆರಕಣಾಂಬಿ ಮೇಲೆ ಹೋಗೋ ಬಸ್ಸು ಹಿಡಿದು ಹೋದ್ವಿ. ಅವರದ್ದು ಹಳೇ ಹೆಂಚಿನ ಮನೆ, ಪಕ್ಕದಲ್ಲೇ ಖಾಲಿ ಸೈಟು, ಅಲ್ಲಿ ಬೇರೆ ಹುಡುಗರ ಕ್ರಿಕೆಟ್. ಈ ಸಲ ನಾವು ಗೋಡೆಯ ಈಚೆ ಕೂತಿದ್ವಿ. ಮಧ್ಯಾಹ್ನ ಮೂರೂವರೆಗೆ ಅಜ್ಜಿ ಅಂಗಳದಲ್ಲಿ ಒಣಹಾಕಿದ್ದ ಅವರೆಕಾಳು ಬಾಚಿ ಒಳಗೆ ತಂದ್ರು. ಬಿಸಿಲು ಇನ್ನೂ ಚೆನ್ನಾಗೇ ಇತ್ತು. ಯಾಕಜ್ಜಿ ಅಂದ್ರೆ, "ಐಕ್ಳು ಬರೋ ಹೊತ್ತಾಯ್ತು ಕನ" ಅಂದ್ರು. ಜಗಲಿಯಿಂದಲೂ ಎದ್ದು ಒಳಗೆ ಹೋದ್ರು. ನಾವು ಕೇಳಿದ್ವಿ, ಬಾಲ್ ತುಂಬಾ ಬೀಳುತ್ತಾ ಅಂತ. "ಬಿದ್ರ ಬೀಳ್ಲಿ, ಹೆಂಚು ಹೊಸ್ದು ಹಾಕ್ಸುದ್ರಾಯ್ತು. ಯಾವಾಗ ಬಿದ್ದದೋ ಗೊತ್ತಾಗಲ್ವಲ್ಲ, ಅದೇ. ಸಿಕ್ಸು ಅಂತ ಕೂಗ್ದೇಟ್ಗೆ ತಲ ಮ್ಯಾಲ ಕೈ ಮಡಿಕತಿನಿ ಕೂಸೇ."

ಆ ದಿನ ಒಂದು ಬಾಲೂ ಬೀಳಲಿಲ್ಲ. ಆದರೂ ಅಜ್ಜಿ ಒಳಗೇ ಇದ್ರು.

ಚಾಮರಾಜನಗರದ ಆಂಟಿ ಮನೆ ವಿಷಯದಲ್ಲಿ ನಾವು ಒಡೆದ ಟ್ಯೂಬ್ ಒಂದನ್ನೇ ಲೆಕ್ಕ ಹಾಕಿದ್ವಿ. ಆ ಮೂರು ವಾರ ಅವರ ಅತ್ತೆ ಎಷ್ಟು ಸಂಜೆ ತಾರಸಿಗೆ ಬರಲಿಲ್ಲ ಅನ್ನೋದನ್ನ ಯಾರು ಲೆಕ್ಕ ಇಟ್ಟಿದ್ದಾರೆ?

ಇದು ಹೊಸ ಜಗಳ ಏನಲ್ಲ. 1947ರ ಆಗಸ್ಟ್ 9ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಒಂದು ಕ್ರಿಕೆಟ್ ಮೈದಾನದಿಂದ ಸಿಕ್ಸರ್ ಹೋಗಿ ತನ್ನ ಮನೆ ಮುಂದೆ ರಸ್ತೆಯಲ್ಲಿ ನಿಂತಿದ್ದ ಮಿಸ್ ಸ್ಟೋನ್ ಅನ್ನುವವರಿಗೆ ಬಿತ್ತು. 1951ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕ್ಲಬ್ಬಿನದು ನಿರ್ಲಕ್ಷ್ಯ ಅಲ್ಲ ಅಂತ ಹೇಳ್ತು, ಯಾಕಂದ್ರೆ ಸುಮಾರು 30 ವರ್ಷದಲ್ಲಿ ಬಾಲ್ ರಸ್ತೆಗೆ ಹೋಗಿದ್ದು ಆರು ಸಲವೋ ಏನೋ. ಸಂಭವನೀಯತೆ ಲೆಕ್ಕ ಮಾಡೋ ನಮ್ಮಂಥವರಿಗೆ ಈ ತೀರ್ಪು ಹಿಡಿಸುತ್ತೆ. ಇನ್ನೊಂದು ಕೇಸ್ 1977ರದು. ಡರ್ಹಾಮ್ ಕೌಂಟಿಯ ಲಿಂಟ್ಸ್ ಅನ್ನೋ ಹಳ್ಳಿಯಲ್ಲಿ 1905ರಿಂದ ಕ್ರಿಕೆಟ್ ನಡೀತಿತ್ತು, 1972ರ ಸುಮಾರಿಗೆ ಪಕ್ಕದಲ್ಲಿ ಮನೆಗಳೆದ್ದವು. ಪಂದ್ಯದ ದಿನ ಮಿಲ್ಲರ್ ದಂಪತಿ ಮನೆ ಬಿಟ್ಟು ಹೊರಗೆ ಹೋಗಿಬಿಡ್ತಿದ್ರಂತೆ. ಗುಂಡ್ಲುಪೇಟೆ ಅಜ್ಜಿ ಒಳಗೆ ಹೋಗ್ತಾರೆ, ಅವರು ಹೊರಗೆ. ಕೋರ್ಟು ಆಟ ನಿಲ್ಲಿಸಲಿಲ್ಲ, ಆದರೆ ಕ್ಲಬ್ಬು 400 ಪೌಂಡ್ ಪರಿಹಾರ ಕೊಡಬೇಕಾಯ್ತು. "ಮೈದಾನ ಮೊದಲಿಂದ ಇತ್ತು, ನೀವು ಆಮೇಲೆ ಬಂದಿರಿ" ಅನ್ನೋ ವಾದ ಅಲ್ಲೇ ಪೂರ್ತಿ ಗೆಲ್ಲಲಿಲ್ಲ. ಅಲ್ಲಿ 70 ವರ್ಷದ ಮೈದಾನವಾದರೂ ಇತ್ತು. ನಮ್ಮದು ಮೂರು ವಾರದ್ದು.

ನಮ್ಮ ಕ್ಲಬ್ಬಿನ ಒಬ್ಬ ಗೆಳೆಯ ಇದಕ್ಕೆ ಎದುರಾಡಿದ: ಚಾಮರಾಜೇಶ್ವರನ ತೇರಿನಲ್ಲಿ ಸಾವಿರಾರು ಜನ ಹಣ್ಣು-ಜವನ ಎಸೀತಾರೆ, ಎಷ್ಟು ಬಾಳೆಹಣ್ಣು ಯಾರ್ಯಾರ ತಲೆ ಮೇಲೆ ಬೀಳುತ್ತೆ, ಯಾರಾದ್ರೂ ಬೇಜಾರು ಮಾಡ್ಕೊತಾರಾ? ಒಳ್ಳೇ ಪ್ರಶ್ನೆ, ನಾವು ಎರಡು ದಿನ ಯೋಚಿಸಿದ್ವಿ. ಅಲ್ಲಿಗೆ ಬಂದ ಹೊಸ ಮದುಮಕ್ಕಳೂ ಅಜ್ಜಿ ತಾತಂದಿರೂ ಬೀಳಲಿ ಅಂತ ಗೊತ್ತಿದ್ದೇ ಬಂದು ನಿಂತಿರ್ತಾರೆ. ಬೇಡ ಅನ್ನೋರು ಹಿಂದೆ ನಿಲ್ತಾರೆ. ತಾರಸಿಯಲ್ಲಿ ತಲೆ ಒಣಗಿಸ್ತಾ ಕೂತವರು ನಮ್ಮ ಆಟಕ್ಕೆ ಬಂದವರಲ್ಲ. ಅವರಿಗೆ ಹಿಂದೆ ಸರಿಯೋಕೆ ಇರೋ ಜಾಗ ಅಂದ್ರೆ ಅವರ ಮನೆಯ ಒಳಗೆ ಮಾತ್ರ.

ನಿಯಮ ಹಾಕಿದ್ರೆ ಆಯ್ತು ಅನ್ನೋದು ಇನ್ನೊಂದು ವಾದ. ಡಿಸ್ಕ್ ಗಾಲ್ಫಿನಲ್ಲಿ ಹೊರಗಿನ ಗಡಿ ದಾಟಿದರೆ ಒಂದು ಎಸೆತ ದಂಡ. ನಮ್ಮ ಗಲ್ಲಿ ಕ್ರಿಕೆಟ್ಟಿನಲ್ಲೂ ಇದೆಯಲ್ಲ: ಮನೆಗೆ ಬಿದ್ರೆ ಔಟ್, ಹೊಡೆದವನೇ ಹೋಗಿ ತರಬೇಕು. (ಕೊನೆಗೆ ಕಳಿಸೋದು ಅಲ್ಲಿರೋ ಅತಿ ಚಿಕ್ಕ ಹುಡುಗನನ್ನ, ಅವನ ಮುಖ ನೋಡಿ ಯಾರೂ ಬೈಯಲ್ಲ ಅಂತ.) ದಂಡ ಬೀಳೋದು ಆಡುವವನ ಸ್ಕೋರಿಗೆ. ಗಾಜಿಗೆ ಆ ಸ್ಕೋರ್ ಗೊತ್ತಾಗಲ್ಲ. ಗಲ್ಲಿ ಹುಡುಗರು ಇದಕ್ಕಿಂತ ಜಾಣತನ ತೋರಿಸೋದು ಪಿಚ್ ಹಾಕುವಾಗ. ಬೀಸಿ ಹೊಡೆಯೋರ ಬಾಲ್ ಹೆಚ್ಚಾಗಿ ಲೆಗ್ ಸೈಡಿಗೆ ಹೋಗುತ್ತೆ ಅಂತ ಅವರಿಗೆ ಗೊತ್ತು, ಅದಕ್ಕೇ ಕಿಟಕಿ ಇರೋ ಮನೆಯನ್ನು ಆಫ್ ಸೈಡಿಗೆ ಬಿಟ್ಟು ಸ್ಟಂಪ್ ನೆಡ್ತಾರೆ. ನಮ್ಮ ಹಿಂದಿನ ಜಾಗದಲ್ಲೂ ಅವರ ಪಿಚ್ ಹಾಗೇ ಇತ್ತು. ನಾವು ಬುಟ್ಟಿ ಇಡೋಕೆ ಅಡ್ಡ ಆಗುತ್ತೆ ಅಂತ ಅದನ್ನ ತಿರುಗಿಸಿಕೊಳ್ಳಿ ಅಂದಿದ್ವಿ, ದೊಡ್ಡವರು ಅಂತ ಅವರು ತಿರುಗಿಸಿದ್ರು ಕೂಡ. ಈ ಸಾಲು ಬರೆಯೋಕೆ ನಮಗೆ ಇಷ್ಟ ಇರಲಿಲ್ಲ.

ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಿ ಆಡಿ ಅಂತ ಸುಲಭವಾಗಿ ಹೇಳ್ತಾರೆ. ಬೆಳಗ್ಗೆ ಓಡೋರು, ಸಂಜೆ ನಡೆಯೋರು ಇರೋ ಕಡೆ ಅಡ್ಡಡ್ಡ ಡಿಸ್ಕ್ ಎಸೆದರೆ ಸಮಸ್ಯೆ ಜಾಗ ಬದಲಾಯಿಸುತ್ತೆ ಅಷ್ಟೇ. ಉದ್ಯಾನ, ಆಟದ ಬಯಲುಗಳನ್ನ ಉಳಿಸೋಕೆ ಕರ್ನಾಟಕದಲ್ಲಿ 1985ರಿಂದಲೇ ಕಾಯ್ದೆ ಇದೆ. ಉಳಿದ ಬಯಲಿನಲ್ಲಿ ಯಾವ ಕಡೆಗೆ ಮುಖ ಮಾಡಿ ಆಡಬೇಕು ಅನ್ನೋದನ್ನ ಮಾತ್ರ ಯಾವ ಕಾಯ್ದೆಯೂ ಹೇಳಿಕೊಡಲ್ಲ.

ಈಗ ಸೈಟಿನ ಯಜಮಾನರ ಹತ್ತಿರ ಇನ್ನೊಂದು ಸಲ ಕೇಳೋಣ ಅಂತ ಹೊಸ ನಕ್ಷೆ ಮಾಡಿದ್ದೀವಿ. ಐದು ಹೋಲ್ ಅಲ್ಲ, ಎರಡೇ. ಎರಡೂ 30 ಮೀಟರ್ ಒಳಗೆ, ನಿಧಾನಕ್ಕೆ ಹೋಗೋ ಹಗುರ ಡಿಸ್ಕಿನಲ್ಲಿ ಮಾತ್ರ. ಎಸೆಯೋ ಗುರುತು ಮನೆಗಳ ಹತ್ತಿರ, ಬುಟ್ಟಿ ದೂರದಲ್ಲಿ, ಅಂದ್ರೆ ಪ್ರತಿ ಎಸೆತವೂ ಮನೆಗೆ ಬೆನ್ನು ಹಾಕಿ. ಹುಡುಗರ ಪಿಚ್ ಮೊದಲಿದ್ದ ದಿಕ್ಕಿಗೇ ವಾಪಸ್, ಅವರು ಆಡುವಾಗ ನಮ್ಮ ಬುಟ್ಟಿ ಇಲ್ಲ.

ಯಜಮಾನರಿಗೆ ತೋರಿಸೋ ಮೊದಲು ಆಂಟಿಗೆ ತೋರಿಸಿದ್ವಿ. ಅವರು ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿ, ಎಸೆಯೋ ಗುರುತಿನ ಮೇಲೆ ಬೆರಳಿಟ್ಟು, "ಇಲ್ಲಿ ನಿಂತ್ಕೊಂಡು ಮಾತಾಡ್ತಾನೇ ಇರ್ತೀರಲ್ಲಪ್ಪ, ಇದು ನಮ್ಮ ಬೆಡ್‌ರೂಂ ಕಿಟಕಿ" ಅಂದ್ರು. ಅದು ನಮಗೆ ಹೊಳೆದೇ ಇರಲಿಲ್ಲ. ಡಿಸ್ಕ್ ಹೋಗೋ ಕಡೆಯನ್ನೇ ನೋಡಿದ್ವಿ, ನಾವು ನಿಲ್ಲೋ ಕಡೆ ನೋಡಲಿಲ್ಲ. ಗುರುತನ್ನು ಹದಿನೈದು ಹೆಜ್ಜೆ ಮುಂದಕ್ಕೆ ತಂದ್ರೆ ಮೊದಲ ಹೋಲ್ ತೀರಾ ಚಿಕ್ಕದಾಗುತ್ತೆ, ಆಡೋಕೆ ಮಜಾ ಇರುತ್ತೋ ಇಲ್ವೋ. ಬಹುಶಃ ಒಂದೇ ಹೋಲ್ ಉಳಿಯುತ್ತೆ.

ಶನಿವಾರ ಸಂಜೆ ಅವರ ತಾರಸಿಗೆ ಬನ್ನಿ ಅಂದಿದ್ದಾರೆ. ಒಬ್ಬ ಕೆಳಗೆ ರಸ್ತೆ ಬದಿಯಲ್ಲಿ ನಿಂತು ತಂತಿಯಾಚೆಯ ಜಾಗ ಕೈ ತೋರಿಸ್ತಾ ಹೋಗ್ತಾನೆ, ಉಳಿದವರು ಮೇಲೆ ಅವರ ಅತ್ತೆ ಕೂರೋ ಜಾಗದಲ್ಲೇ ಕೂತು ನೋಡ್ತೀವಿ. ಹುಡುಗರಿಗೂ ಬರೋಕೆ ಹೇಳಿದ್ದೀವಿ. ಅವರ ಕ್ಯಾಪ್ಟನ್, ಆರನೇ ಕ್ಲಾಸು, "ಬ್ಯಾಟ್ ತರಬೇಕಾ ಅಣ್ಣ?" ಅಂತ ಕೇಳಿದ. ಇನ್ನೂ ಬೇಡ ಅಂದ್ವಿ.